ಹಾಯಿದೋಣಿಯ ಬಿಲ್ಜ್ ಪಂಪ್ ಲೈನ್: ಹೋಸ್ ಯಾವ ಸೈಜ್, ಔಟ್‌ಲೆಟ್ ಎಲ್ಲಿ, ಎನ್‌ಆರ್‌ವಿ ಹಾಕಬಹುದಾ?

ಹಾಯಿಹಗ್ಗ:

9 ಮೀಟರ್ ಉದ್ದದ ಫೈಬರ್ ಹಾಯಿದೋಣಿ. ಬಿಲ್ಜ್ (ದೋಣಿಯ ತಳದಲ್ಲಿ ನೀರು ಸೇರುವ ಜಾಗ) ಆಳವಿಲ್ಲ. ಕೀಲ್ (ತಳದ ಕೆಳಗಿನ ಭಾರದ ರೆಕ್ಕೆ) ಬೋಲ್ಟ್‌ಗಳ ನಡುವೆ ಒಂದು ಗೇಣಿನ ಗುಂಡಿ, ಅಷ್ಟೇ. ಅದರಲ್ಲಿ 12 ವೋಲ್ಟಿನ ಸೆಂಟ್ರಿಫ್ಯೂಗಲ್ ಸಬ್‌ಮರ್ಸಿಬಲ್ ಪಂಪ್ ಇದೆ, ಲೇಬಲ್ ಮೇಲೆ ಗಂಟೆಗೆ 1100 ಗ್ಯಾಲನ್ ಎಂದಿದೆ, ಫ್ಲೋಟ್ ಸ್ವಿಚ್ ಬೇರೆಯಾಗಿದೆ. ಅಲ್ಲಿಂದ 28 ಮಿ.ಮೀ. ಸುಕ್ಕು ಹೋಸ್ ಸುಮಾರು 4 ಮೀಟರ್ ಹೋಗಿ, ಹಲ್‌ನ (ದೋಣಿಯ ಹೊರಮೈಯ) ಬಲ ಮಗ್ಗುಲಲ್ಲಿ ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ಹೊರಬೀಳುತ್ತದೆ.

ತೊಂದರೆ ಎರಡು. ದೋಣಿ ನಿಂತಿರುವಾಗಲೂ ಪಂಪ್ ಆನ್ ಆಗಿ, ಖಾಲಿ ಮಾಡಿ, ಆಫ್ ಆಗಿ, ಅರೆನಿಮಿಷದಲ್ಲಿ ಮತ್ತೆ ಆನ್ ಆಗುತ್ತದೆ. ಇನ್ನೊಂದು, ಬಲಕ್ಕೆ ಜೋರಾಗಿ ವಾಲಿ ಓಡುವಾಗ ಔಟ್‌ಲೆಟ್ ನೀರೊಳಗೆ ಮುಳುಗುತ್ತದೆ, ಆಗ ಪಂಪ್ ನಿಲ್ಲುವುದೇ ಇಲ್ಲ. ಒಂದು ನಾನ್ ರಿಟರ್ನ್ ವಾಲ್ವ್ (ಎನ್‌ಆರ್‌ವಿ, ನೀರನ್ನು ಒಂದೇ ಕಡೆಗೆ ಬಿಡುವಂಥದು) ಹಾಕಿದರೆ ಎರಡೂ ಸರಿಹೋಗುತ್ತದಾ? ಜೊತೆಗೆ ಇನ್ನೊಂದು ಪಂಪ್ ಸೇರಿಸುವ ಯೋಚನೆ ಇದೆ. ಹಲ್‌ಗೆ ಹೊಸ ತೂತು ಕೊರೆಯುವ ಬದಲು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಇದೇ ಔಟ್‌ಲೆಟ್‌ಗೆ ಕೊಡಬಹುದಾ?

ತಳದನೀರು:

ಎರಡಕ್ಕೂ ಬೇಡ ಎಂದೇ ಉತ್ತರ. ಮೊದಲು ಅಪಾಯದ್ದನ್ನು ನೋಡೋಣ.

ಔಟ್‌ಲೆಟ್ ಮುಳುಗಿದಾಗ ನಿಮಗೆ ಆಗುತ್ತಿರುವುದು ಸೈಫನ್. ಸೆಂಟ್ರಿಫ್ಯೂಗಲ್ ಪಂಪಿನೊಳಗೆ ವಾಲ್ವ್ ಎಂಬುದೇ ಇರುವುದಿಲ್ಲ, ನಿಂತಾಗ ಅದು ಬರೀ ತೆರೆದ ಪೈಪು. ಪಂಪ್ ಓಡಿ ಹೋಸ್ ತುಂಬುತ್ತದೆ, ನಿಂತ ಕ್ಷಣ ಹೊರಗಿನ ನೀರು ಅದೇ ದಾರಿಯಲ್ಲಿ ಒಳಗೆ ಬರುತ್ತದೆ, ಫ್ಲೋಟ್ ಏಳುತ್ತದೆ, ಪಂಪ್ ಮತ್ತೆ ಓಡುತ್ತದೆ. ಅಂದರೆ ಪ್ರತಿ ಸಲ ಸೈಫನ್ ಶುರುಮಾಡಿ ಕೊಡುತ್ತಿರುವುದು ಪಂಪೇ. ಬ್ಯಾಟರಿ ಇಳಿಯುವ ತನಕ ಈ ಆಟ ನಡೆಯುತ್ತದೆ, ಆಮೇಲೆ ನೀರು ಮಾತ್ರ ಬರುತ್ತಿರುತ್ತದೆ. ಹೋಸನ್ನು ಮೇಲೆತ್ತಿ ಬರೀ ಒಂದು ಲೂಪ್ ಮಾಡಿದರೂ ಸಾಲದು. ತುಂಬಿದ ಹೋಸ್ ಲೂಪನ್ನು ದಾಟಿಯೇ ಸೈಫನ್ ಎಳೆಯುತ್ತದೆ. ಲೂಪಿನ ನೆತ್ತಿಯಲ್ಲಿ ಗಾಳಿ ಒಳಬರಲು ದಾರಿ, ಅಂದರೆ ವೆಂಟ್, ಇರಬೇಕು.

ಸರಿಯಾದ ಪರಿಹಾರ ಔಟ್‌ಲೆಟ್ಟನ್ನೇ ಸ್ಥಳಾಂತರಿಸುವುದು: ಟ್ರಾನ್ಸಮ್‌ನಲ್ಲಿ (ದೋಣಿಯ ಹಿಂಗೋಡೆಯಲ್ಲಿ), ನಡುಗೆರೆಗೆ ಹತ್ತಿರ, ಡೆಕ್‌ಗೆ ಎಷ್ಟು ಸಮೀಪ ಆಗುತ್ತದೋ ಅಷ್ಟು ಮೇಲೆ. ದೋಣಿ ಯಾವ ಕಡೆ ವಾಲಿದರೂ ನಡುಗೆರೆ ಹೆಚ್ಚು ಮುಳುಗುವುದಿಲ್ಲ. ಆದರೆ ಎಂಜಿನ್ ಜೋರು ಮಾಡಿದಾಗ ಹಿಂಭಾಗ ಕುಸಿಯುತ್ತದೆ, ಹಿಂದಿನಿಂದ ಅಲೆಯೂ ಏರಿಬರುತ್ತದೆ. ಹಾಗಾಗಿ ಅಲ್ಲೂ ಲೂಪ್ ಮತ್ತು ವೆಂಟ್ ಇರಲೇಬೇಕು. ಅಮೆರಿಕದ ಎಬಿವೈಸಿ (ದೋಣಿಗಳ ಸುರಕ್ಷತಾ ಮಾನದಂಡ ರೂಪಿಸುವ ಸಂಸ್ಥೆ) ಮಾನದಂಡ ಹೇಳುವುದೂ ಇದನ್ನೇ: ಔಟ್‌ಲೆಟ್ ಪೂರ್ತಿ ವಾಲಿದಾಗಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಸೀಕಾಕ್ (ಹಲ್ ತೂತನ್ನು ಮುಚ್ಚುವ ಕವಾಟ) ಜೊತೆಗೆ ಸೈಫನ್ ತಡೆಯುವ ವ್ಯವಸ್ಥೆ ಇರಬೇಕು, ಚೆಕ್ ವಾಲ್ವನ್ನು (ಅಂದರೆ ಎನ್‌ಆರ್‌ವಿಯನ್ನು) ಆ ವ್ಯವಸ್ಥೆ ಎಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಟೀ ವಿಷಯ: ಒಂದು ಪಂಪ್ ಓಡುವಾಗ ನೀರು ಇನ್ನೊಂದು ಪಂಪಿನ ಮೂಲಕ ಬಿಲ್ಜ್‌ಗೇ ವಾಪಸ್ ಇಳಿಯುತ್ತದೆ. ಅದನ್ನು ತಡೆಯಲು ಎರಡು ವಾಲ್ವ್ ಬೇಕು, ಎರಡೂ ಪಂಪ್ ಒಟ್ಟಿಗೆ ಓಡಿದರೆ ಒಂದೇ ಬಾಯಲ್ಲಿ ನುಗ್ಗಾಟ. ಒಂದು ಪಂಪ್, ಒಂದು ಹೋಸ್, ಒಂದು ತೂತು. ಕಾಕ್‌ಪಿಟ್ (ದೋಣಿ ನಡೆಸುವವರು ಕೂರುವ ಜಾಗ) ಡ್ರೈನಿಗೂ ಸೇರಿಸಬೇಡಿ.

ಕೀಲ್‌ಬೋಲ್ಟ್:

ಆನ್ ಆಫ್ ಕಾಟದ ಬಗ್ಗೆ. ಪಂಪ್ ನಿಂತಾಗ ಹೋಸಿನಲ್ಲಿ ಉಳಿದ ನೀರು ಪೂರ್ತಿ ಕೆಳಗಿಳಿಯುತ್ತದೆ. ಲೆಕ್ಕ ಹಾಕಿ ನೋಡಿ: 28 ಮಿ.ಮೀ. ಹೋಸಿನಲ್ಲಿ ಮೀಟರಿಗೆ 0.62 ಲೀಟರ್, 4 ಮೀಟರಿಗೆ ಎರಡೂವರೆ ಲೀಟರ್. 38 ಮಿ.ಮೀ. ಆದರೆ ನಾಲ್ಕೂವರೆ ಲೀಟರ್. 19 ಮಿ.ಮೀ. ಆದರೆ 1.1 ಲೀಟರ್ ಅಷ್ಟೇ. ನಿಮ್ಮ ಗುಂಡಿಯ ಅಗಲದಲ್ಲಿ ಎರಡೂವರೆ ಲೀಟರ್ ಅಂದರೆ ಫ್ಲೋಟ್ ಎದ್ದೇ ಏಳುತ್ತದೆ.

ಎನ್‌ಆರ್‌ವಿ ಹಾಕಲು ಎಲ್ಲರಿಗೂ ಕೈ ತುರಿಸುವುದು ಇಲ್ಲೇ. ಹಾಕಿದರೆ ಏನಾಗುತ್ತದೆ ಎಂದರೆ, ವಾಲ್ವ್ ಮೇಲೆ ನೀರಿನ ಕಂಬ ನಿಂತಿರುತ್ತದೆ, ಬಿಲ್ಜ್ ಒಣಗಿದಾಗ ಕೆಳಗೆ ಪಂಪಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ಮುಂದೆ ನೀರು ಬಂದಾಗ ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ಚಕ್ರ) ಆ ಗಾಳಿಯನ್ನೇ ಕಡೆಯುತ್ತದೆ. ಗಾಳಿ ಕಡೆದು ಹುಟ್ಟುವ ಒತ್ತಡಕ್ಕೆ ಮೇಲಿನ ಕಂಬವನ್ನು ಎತ್ತುವ ಶಕ್ತಿ ಇಲ್ಲ, ವಾಲ್ವ್ ತೆರೆಯುವುದಿಲ್ಲ. ಮೋಟಾರ್ ಸದ್ದು ಕೇಳುತ್ತದೆ, ಹನಿ ನೀರು ಹೊರಗೆ ಹೋಗುವುದಿಲ್ಲ. ಇದು ಬರೀ ಕಸ ಸಿಕ್ಕಿಕೊಳ್ಳುವ ತೊಂದರೆಗಿಂತ ಕೆಟ್ಟದ್ದು, ಯಾಕೆಂದರೆ ಸದ್ದು ಕೇಳಿ ಎಲ್ಲ ಸರಿಯಿದೆ ಎಂದುಕೊಳ್ಳುತ್ತೀರಿ. ಕಸದ ಕಾಟವೂ ಇದ್ದೇ ಇದೆ. ಒಂದು ಕೂದಲೆಳೆ, ಒಂದು ಚೂರು ಫೈಬರ್ ಸಾಕು ಫ್ಲ್ಯಾಪ್ ಅರೆಬರೆ ಮುಚ್ಚಲು.

ನನ್ನ ಸಲಹೆ: ಕೆಲಸವನ್ನು ಎರಡು ಪಂಪಿಗೆ ಹಂಚಿ.

ಚಿಕ್ಕದು, ದಿನನಿತ್ಯದ್ದು: ಎಲೆಕ್ಟ್ರಿಕ್ ಡಯಾಫ್ರಾಮ್ (ರಬ್ಬರ್ ಪೊರೆ ಆಡಿಸಿ ನೀರು ತಳ್ಳುವ) ಪಂಪ್, ನಿಮಿಷಕ್ಕೆ 15 ಲೀಟರ್ ಆಸುಪಾಸು ಸಾಕು. ಪಂಪನ್ನು ಒಣಗಿದ ಲಾಕರಿನಲ್ಲಿ ಮೇಲೆ ಕೂರಿಸಿ, ಗುಂಡಿಯ ತಳಕ್ಕೆ 19 ಮಿ.ಮೀ. ಸಕ್ಷನ್ ಹೋಸ್ ಮಾತ್ರ ಇಳಿಸಿ. ಇದು ತಾನೇ ನೀರು ಎಳೆದುಕೊಳ್ಳುತ್ತದೆ, ಸ್ವಲ್ಪ ಹೊತ್ತು ಒಣಗಿ ಓಡಿದರೂ ಸುಡುವುದಿಲ್ಲ. ಇದರ ಒಳಗಿನ ವಾಲ್ವ್‌ಗಳೇ ಮೇಲಿನ ನೀರನ್ನು ಹಿಡಿದಿಡುವುದರಿಂದ ವಾಪಸಾತಿ ಬಹುಮಟ್ಟಿಗೆ ನಿಲ್ಲುತ್ತದೆ. ಆ ವಾಲ್ವ್‌ಗಳಿಗೆ ಕಸ ಆಗದು, ಆದ್ದರಿಂದ ಸಕ್ಷನ್ ಲೈನಿನಲ್ಲಿ ಬಿಚ್ಚಿ ತೊಳೆಯಬಹುದಾದ ಸ್ಟ್ರೈನರ್ ಕಡ್ಡಾಯ, ಕೈಗೆ ಸಿಗುವ ಜಾಗದಲ್ಲಿ. ಸಕ್ಷನ್ ಹೋಸ್ ಒಳಗೆ ಸುರುಳಿ ಇರುವ ಗಟ್ಟಿಯದ್ದೇ ಆಗಬೇಕು. ಮೆತ್ತಗಿನದು ಎಳೆತಕ್ಕೆ ಚಪ್ಪಟೆಯಾಗುತ್ತದೆ. ಸಕ್ಷನ್ ಕಡೆ ಒಂದು ಕ್ಲಾಂಪ್ ಸಡಿಲವಿದ್ದರೂ ಗಾಳಿ ಎಳೆದು ನೀರು ಹತ್ತುವುದಿಲ್ಲ, ಹೊರಗೆ ಸೋರಿಕೆ ಕಾಣದ್ದರಿಂದ ಪತ್ತೆಯಾಗುವುದೂ ಕಷ್ಟ.

ದೊಡ್ಡದು, ಆಪತ್ತಿಗೆ: ಈಗಿನ ಸೆಂಟ್ರಿಫ್ಯೂಗಲ್ ಅಥವಾ ಅದಕ್ಕಿಂತ ದೊಡ್ಡದು. ಅದನ್ನೂ ಅದರ ಫ್ಲೋಟನ್ನೂ ಚಿಕ್ಕದರ ಮಟ್ಟಕ್ಕಿಂತ 75ರಿಂದ 100 ಮಿ.ಮೀ. ಎತ್ತರಿಸಿ ಪ್ಲೇಟ್ ಮೇಲೆ ಕೂರಿಸಿ. ಪಂಪಿನ ಜಾಲರಿ ಮುಳುಗಿದ ಮೇಲೆಯೇ ಫ್ಲೋಟ್ ಏಳುವಂತಿರಲಿ. ಇದಕ್ಕೆ ಎನ್‌ಆರ್‌ವಿ ಬೇಡವೇ ಬೇಡ. ಇದರ ಹೋಸಿನಿಂದ ಇಳಿದ ನೀರನ್ನು ಚಿಕ್ಕದು ಎತ್ತಿ ಮುಗಿಸುತ್ತದೆ. ಸಾಮಾನ್ಯ ದಿನಗಳಲ್ಲಿ ದೊಡ್ಡದು ಒಣಗಿ, ಕೊಳೆಯಾಗದೆ ಇರುತ್ತದೆ. ಅದರ ಸದ್ದು ಕೇಳಿದರೆ ಹುಡುಕಬೇಕಾದ ಸಂಗತಿ ಏನೋ ಇದೆ ಎಂದೇ ಅರ್ಥ.

ತಳದನೀರು:

ಕೀಲ್‌ಬೋಲ್ಟ್ ಹೇಳಿದ ಹಂಚಿಕೆಗೆ ನನ್ನ ಒಪ್ಪಿಗೆ ಇದೆ. ಒಂದೇ ಸೇರ್ಪಡೆ: ಚಿಕ್ಕ ಪಂಪಿನ ವಾಲ್ವ್‌ಗಳನ್ನು ನಂಬಿ ಅದರ ಔಟ್‌ಲೆಟ್ಟನ್ನು ಕೆಳಗಿಡಬೇಡಿ. ಅವೂ ರಬ್ಬರ್ ತುಂಡುಗಳೇ, ಕಸ ಸಿಕ್ಕಿದರೆ ಅಲ್ಲಿಂದಲೂ ಸೈಫನ್ ಬರುತ್ತದೆ.

ಇನ್ನು ಸುಕ್ಕು ಹೋಸ್ ಕಿತ್ತು ಬಿಸಾಡಿ. ಒಳಗೋಡೆ ನಯವಾಗಿರುವ ಹೋಸ್ ಹಾಕಿ, ಪಂಪಿನ ಬಾಯಿಯ ಅಳತೆಗಿಂತ ಎಲ್ಲೂ ಕಿರಿದಾಗದಂತೆ. ವ್ಯಾಸ ಕಿರಿದಾದರೆ ಘರ್ಷಣೆ ಸುಮಾರು ಐದನೇ ಘಾತದಲ್ಲಿ ಏರುತ್ತದೆ. 28ರ ಬದಲು 19 ಹಾಕಿ ಅದೇ ನೀರು ತಳ್ಳಬೇಕೆಂದರೆ ಪ್ರತಿ ಮೀಟರಿಗೆ 7 ಪಟ್ಟು ನಷ್ಟ. ಥ್ರೂಹಲ್ ಫಿಟ್ಟಿಂಗ್‌ನ (ಹಲ್ ತೂತಿನಲ್ಲಿ ಕೂರುವ ಮೂತಿಯ) ಒಳ ರಂಧ್ರವನ್ನೂ ಅಳೆಯಿರಿ. ಹೊರಗೆ 28 ಎಂದು ಹೋಸ್ ಕೂರುವ ಪ್ಲಾಸ್ಟಿಕ್ ಫಿಟ್ಟಿಂಗ್‌ಗಳ ಒಳಗೆ 22 ಮಾತ್ರ ಇರುವುದುಂಟು. ಎಲ್ಬೋ ಬದಲು ಹೋಸನ್ನೇ ದೊಡ್ಡ ಬಳಸಿನಲ್ಲಿ ತಿರುಗಿಸಿ. ಪಂಪಿನಿಂದ ಲೂಪಿನ ನೆತ್ತಿಯ ತನಕ ಏರುಮುಖವೇ ಇರಲಿ. ನಡುವೆ ಎಲ್ಲಾದರೂ ತಗ್ಗಿದರೆ ಅಲ್ಲಿ ನೀರು ನಿಂತು, ಪಂಪಿನ ಕಡೆ ಗಾಳಿ ಸಿಕ್ಕಿ, ಎನ್‌ಆರ್‌ವಿ ಹಾಕಿದಂತೆಯೇ ಆಗುತ್ತದೆ.

ಕ್ಲಾಂಪ್ 316 ಸ್ಟೇನ್‌ಲೆಸ್, ಸ್ಕ್ರೂ ಕೂಡ 316 ಇರಬೇಕು. ಅಯಸ್ಕಾಂತ ಹಿಡಿದು ನೋಡಿ, ಸ್ಕ್ರೂ ಬಲವಾಗಿ ಅಂಟಿದರೆ ಅದು ಬೇಗ ತುಕ್ಕು ಹಿಡಿಯುವ ಜಾತಿ. ನೀರಿನ ಮಟ್ಟದ ಬಳಿ ಮತ್ತು ಅದರ ಕೆಳಗೆ ಎರಡೆರಡು ಕ್ಲಾಂಪ್, ಆದರೆ ಬಾರ್ಬ್ (ಹೋಸ್ ಕೂರುವ ಹಲ್ಲುಮೂತಿ) ಅಷ್ಟು ಉದ್ದವಿದ್ದರೆ ಮಾತ್ರ. ಅಂಚಿಗೆ ಬಿಗಿದ ಎರಡನೆಯದು ಹೋಸನ್ನು ಕತ್ತರಿಸುತ್ತದೆ.

ಹಾಯಿಹಗ್ಗ:

ಅರ್ಥವಾಯಿತು, ಇಬ್ಬರಿಗೂ ಧನ್ಯವಾದ. ಎರಡು ಸಂದೇಹ ಉಳಿದಿವೆ. ಪಂಪ್ ಓಡುವಾಗ ವೆಂಟಿನಿಂದ ನೀರು ಚಿಮ್ಮುವುದಿಲ್ಲವಾ? 1100 ಗ್ಯಾಲನ್ ಪಂಪ್ ಆಪತ್ತಿಗೆ ಸಾಕಾ?

ಫ್ಯೂಸ್‌ಪೆಟ್ಟಿಗೆ:

ವೆಂಟ್ ಬಗ್ಗೆ: ಚಿಮ್ಮಬಹುದು. ಕೆಲವಕ್ಕೆ ಒಳಗೆ ಬಾತುಕೋಳಿ ಕೊಕ್ಕಿನಂಥ ರಬ್ಬರ್ ವಾಲ್ವ್ ಇರುತ್ತದೆ, ಗಾಳಿ ಒಳಗೆ ಬಿಡುತ್ತದೆ, ನೀರು ಹೊರಗೆ ಬಿಡುವುದಿಲ್ಲ. ಆದರೆ ಉಪ್ಪು ಕಟ್ಟಿ ಅಂಟಿಕೊಂಡರೆ ಲೂಪ್ ಇದ್ದೂ ಇಲ್ಲದಂತೆ. ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಿರಿ. ಇಲ್ಲವಾದರೆ ವಾಲ್ವ್ ಇಲ್ಲದ ವೆಂಟ್ ಹಾಕಿ, ಅದರಿಂದ ಸಣ್ಣ ಟ್ಯೂಬನ್ನು ಕಾಕ್‌ಪಿಟ್‌ಗೆ ಬಿಡಿ. ಪಂಪ್ ಓಡಿದಾಗ ಕಾಕ್‌ಪಿಟ್‌ನಲ್ಲಿ ನೀರು ಜಿನುಗುವುದು ಕಾಣುತ್ತದೆ, ಅದೂ ಒಂದು ಸೂಚನೆಯೇ.

ಸಾಮರ್ಥ್ಯದ ಬಗ್ಗೆ: 1100 ಗ್ಯಾಲನ್ ಅಂದರೆ ಗಂಟೆಗೆ 4160 ಲೀಟರ್. ಸಾಮಾನ್ಯವಾಗಿ ಲೇಬಲ್ ಮೇಲಿನ ಅಂಕಿ ಹೋಸ್ ಇಲ್ಲದೆ, ಎತ್ತರ ಇಲ್ಲದೆ, 13.6 ವೋಲ್ಟಿನಲ್ಲಿ ಅಳೆದದ್ದು. ನಿಮ್ಮ ದೋಣಿಯಲ್ಲಿ ಎತ್ತರವನ್ನು ಔಟ್‌ಲೆಟ್‌ಗೆ ಅಲ್ಲ, ಲೂಪಿನ ನೆತ್ತಿಗೆ ಅಳೆಯಬೇಕು. ಒಂದೂವರೆ ಮೀಟರ್ ಎತ್ತರ, ನಾಲ್ಕೈದು ಮೀಟರ್ ಹೋಸ್ ಆದಮೇಲೆ ಅರ್ಧ ಸಿಕ್ಕಿದರೆ ಪುಣ್ಯ. ಚಾರ್ಜಿಂಗ್ ಇಲ್ಲದೆ ಬ್ಯಾಟರಿ 12 ವೋಲ್ಟಿಗೆ ಇಳಿದರೆ ಪಂಪಿನ ಎತ್ತುವ ಶಕ್ತಿ ಇನ್ನೂ ಸುಮಾರು ಕಾಲುಭಾಗ ಕಡಿಮೆ.

ಎದುರಿನ ಲೆಕ್ಕ: ನೀರಿನ ಮಟ್ಟಕ್ಕಿಂತ 60 ಸೆಂ.ಮೀ. ಕೆಳಗೆ 38 ಮಿ.ಮೀ. ಹೋಸ್ ಒಂದು ಕಳಚಿಕೊಂಡರೆ ನಿಮಿಷಕ್ಕೆ ಸುಮಾರು 140 ಲೀಟರ್, ಗಂಟೆಗೆ 8400 ಲೀಟರ್ ಒಳಬರುತ್ತದೆ. ಈ ಗಾತ್ರದ ದೋಣಿಗೆ 2000 ಗ್ಯಾಲನ್ ಪಂಪ್ ಹಾಕಿದರೂ ಅದನ್ನು ಗೆಲ್ಲುವುದಿಲ್ಲ, ಸೀಕಾಕ್ ಹುಡುಕಿ ಮುಚ್ಚಲು ಸಮಯ ಕೊಡುತ್ತದೆ. ಆದ್ದರಿಂದ ನಾನಾದರೆ 2000ಕ್ಕೆ ಹೋಗುತ್ತೇನೆ, ಹೋಸನ್ನು ಆ ಪಂಪಿನ ಬಾಯಿಗೆ ತಕ್ಕಂತೆ ದಪ್ಪ ಮಾಡುತ್ತೇನೆ, ದೊಡ್ಡ ಫ್ಲೋಟಿಗಿಂತ ತುಸು ಮೇಲೆ ಪ್ರತ್ಯೇಕ ಸ್ವಿಚ್ ಇಟ್ಟು ಒಂದು ಅಲಾರಂ ಹಾಕುತ್ತೇನೆ. ಪಂಪಿಗಿಂತ ಅಲಾರಂ ದೋಣಿ ಉಳಿಸುವುದೇ ಹೆಚ್ಚು.

ವೈರಿಂಗ್: ಆಟೊ ಲೈನ್ (ಫ್ಲೋಟ್ ಸ್ವಿಚ್ಚಿನದು) ಬ್ಯಾಟರಿ ಮೇನ್ ಸ್ವಿಚ್ ಆಫ್ ಮಾಡಿದರೂ ಜೀವಂತ ಇರಬೇಕು, ಫ್ಯೂಸ್ ಬ್ಯಾಟರಿ ಹತ್ತಿರ. ಫ್ಯೂಸ್ ಎಷ್ಟು ಆಂಪ್ ಎಂಬುದು ಪಂಪಿನ ಲೇಬಲ್ ಮೇಲೇ ಇರುತ್ತದೆ, ಅದಕ್ಕಿಂತ ದೊಡ್ಡದು ಹಾಕಬೇಡಿ. ಇಂಪೆಲ್ಲರ್ ಕಸಕ್ಕೆ ಸಿಕ್ಕಿ ನಿಂತರೆ ಫ್ಯೂಸ್ ಹೋಗಬೇಕು, ಮೋಟಾರ್ ಅಲ್ಲ. 4 ಆಂಪ್ ಎಳೆಯುವ ಪಂಪಿಗೆ ಹೋಗಿಬರುವ ದಾರಿ ಒಟ್ಟು 10 ಮೀಟರ್ ಇದ್ದರೆ 2.5 ಚದರ ಮಿ.ಮೀ. ತವರ ಲೇಪಿತ ವೈರ್ ಸರಿ, 0.3 ವೋಲ್ಟಿಗಿಂತ ಕಡಿಮೆ ನಷ್ಟ. 1.5 ಹಾಕಿದರೆ ನಷ್ಟ 0.46 ಆಗುತ್ತದೆ. 2000ದ ಪಂಪ್ ಇನ್ನೂ ಹೆಚ್ಚು ಎಳೆಯುತ್ತದೆ, ಅದಕ್ಕೆ ಮತ್ತೆ ಲೆಕ್ಕ ಹಾಕಿ. ಜೋಡಣೆಗಳು ಗುಂಡಿಯಿಂದ ಮೇಲೆ ಇರಲಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿ.

ಕೀಲ್‌ಬೋಲ್ಟ್:

ಕೈಪಂಪ್ ಯಾರೂ ಹೇಳಲಿಲ್ಲ. ಕಾಕ್‌ಪಿಟ್‌ನಲ್ಲಿ ಕೂತು, ಹ್ಯಾಚ್‌ಗಳೆಲ್ಲ ಮುಚ್ಚಿರುವಾಗಲೂ ಹೊಡೆಯಲು ಆಗುವ ಡಯಾಫ್ರಾಮ್ ಕೈಪಂಪ್, 38 ಮಿ.ಮೀ. ಹೋಸ್, ಅದಕ್ಕೆ ತನ್ನದೇ ಔಟ್‌ಲೆಟ್. ಹಿಡಿಯನ್ನು ಹಗ್ಗದಿಂದ ಕಟ್ಟಿಡಿ, ಬೇಕಾದಾಗ ಸಿಗದಿರುವುದು ಅದೇ.

ಎಲ್ಲ ಕೂರಿಸಿದ ಮೇಲೆ ಚಿಕ್ಕ ಪಂಪ್ ಆಫ್ ಮಾಡಿ, ದೊಡ್ಡ ಪಂಪಿನ ಜಾಲರಿ ಮುಳುಗುವಷ್ಟು ನೀರು ತುಂಬಿ, ಅಲ್ಲಿ ಒಂದು ಗುರುತು ಹಾಕಿ. ಎಂಜಿನ್ ಆಫ್ ಇರಲಿ, ಬ್ಯಾಟರಿಯಲ್ಲೇ ಓಡಿಸಿ. ಮೇಲಿನಿಂದ 40 ಲೀಟರ್ ಸುರಿದು ನೀರು ಮತ್ತೆ ಗುರುತಿಗೆ ಇಳಿಯಲು ಎಷ್ಟು ಹೊತ್ತು ಎಂದು ಅಳೆಯಿರಿ. 60 ಸೆಕೆಂಡ್ ಆದರೆ ಗಂಟೆಗೆ 2400 ಲೀಟರ್, ನಿಮ್ಮ ನಿಜವಾದ ಸಾಮರ್ಥ್ಯ ಅದು. ನಂತರ ಪಂಪ್ ನಿಲ್ಲಿಸಿ, ಔಟ್‌ಲೆಟ್ ಬಾಯಿಗೆ ನೀರು ತುಂಬಿದ ಬಕೆಟ್ ಎತ್ತಿ ಹಿಡಿದು ಬಾಯಿ ಮುಳುಗಿಸಿ. ಬಕೆಟ್‌ನ ನೀರಿನ ಮಟ್ಟ ಲೂಪಿನ ನೆತ್ತಿಗಿಂತ ಕೆಳಗೇ ಇರಲಿ. ಇನ್ನೊಬ್ಬರು ಪಂಪನ್ನು ಹತ್ತು ಸೆಕೆಂಡ್ ಓಡಿಸಿ ನಿಲ್ಲಿಸಲಿ. ಬಕೆಟ್ ಖಾಲಿಯಾಗುತ್ತಾ ಬಂದರೆ ವೆಂಟ್ ಕೆಲಸ ಮಾಡುತ್ತಿಲ್ಲ.