ಬಡ್ಡಿ ಇಲ್ಲದ ನಿಧಿ: ಸಣ್ಣ ವ್ಯಾಪಾರಿಗಳ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾವು ಕೆಲವು ಸಣ್ಣ ವ್ಯಾಪಾರಿಗಳು ತಿಂಗಳಿಗೆ ಇಷ್ಟು ಅಂತ ಹಾಕಿ ಒಂದು ನಿಧಿ ಮಾಡಬೇಕು ಅಂತಿದ್ದೇವೆ. ಬೆಂಕಿ, ಕಳ್ಳತನ ಆದವರಿಗೆ ಅದರಿಂದ ಸಹಾಯ. ಸರಕು ತರೋಕೆ ಕೈಸಾಲವೂ ಅದರಿಂದಲೇ. ಇಸ್ಲಾಮಿನ ಪ್ರಕಾರ ಸರಿಯೇ?

ಉತ್ತರ (ಇಸ್ಲಾಮಿಕ್ ಹಣಕಾಸು ಸಲಹೆಗಾರ): ಉದ್ದೇಶ ಸರಿ ಇದೆ. ಒಳಿತಿನಲ್ಲಿ ಒಬ್ಬರಿಗೊಬ್ಬರು ನೆರವಾಗಿ ಅಂತ ಕುರ್‌ಆನ್ (5:2) ಹೇಳುತ್ತದೆ. ದಾನದ ಆಧಾರದಲ್ಲಿ ನಡೆಯುವ ಸಹಕಾರಿ ವಿಮೆ ಸಮ್ಮತ ಅಂತ ಇಸ್ಲಾಮಿಕ್ ಕಾನೂನು ವಿದ್ವಾಂಸರ ಸಂಸ್ಥೆಯಾದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯೂ 1985ರಲ್ಲಿ ಹೇಳಿದೆ. ಇದೇ ತಕಾಫುಲ್.

ಆದರೆ ಎರಡೂ ಕೆಲಸಕ್ಕೆ ಒಂದೇ ಗಲ್ಲಾ ಬೇಡ. ನಷ್ಟಕ್ಕೆ ಕೊಡುವ ಹಣ ತಬರ್ರು, ಅಂದರೆ ದಾನ. ಅದು ವಾಪಸ್ ಬರೋದಿಲ್ಲ. ಕೈಸಾಲದ ಹಣ ಕರ್ಝ್ ಹಸನ್, ಅಂದರೆ ಬಡ್ಡಿಯಿಲ್ಲದ ಸಾಲ. ಅದು ವಾಪಸ್ ಬರಲೇಬೇಕು. ಎರಡನ್ನೂ ಬೆರೆಸಿದರೆ ಏನಾಗುತ್ತದೆ? ಸಾಲ ತೀರಿಸಬೇಕಾದವರು ‘ಹೇಗೂ ದಾನದ ಹಣ ಅಲ್ವಾ’ ಅಂತ ಸುಮ್ಮನಾಗುತ್ತಾರೆ. ನಿಜವಾಗಿ ಅಂಗಡಿ ಸುಟ್ಟವರು ಬಂದಾಗ ಗಲ್ಲಾದಲ್ಲಿ ಬರೀ ಸಾಲದ ಚೀಟಿಗಳು! ಅದಕ್ಕೇ ಖಾತೆ ಬೇರೆ, ಲೆಕ್ಕ ಬೇರೆ ಇರಲಿ. ಸಾಲ ಪಡೆದವರಿಗೆ ಇಬ್ಬರು ಜಾಮೀನು ನಿಲ್ಲಲಿ. ಪಾಕಿಸ್ತಾನದಲ್ಲಿ 2001ರಲ್ಲಿ ಶುರುವಾದ ಅಖುವತ್ ಸಂಸ್ಥೆ ಸಣ್ಣ ವ್ಯಾಪಾರಿಗಳಿಗೆ ಬಡ್ಡಿಯಿಲ್ಲದೆಯೇ ಸಾಲ ಕೊಡುತ್ತಾ ಬೆಳೆದಿದೆ.

ನನಗೆ ಇನ್ನೂ ಜಾಸ್ತಿ ಚಿಂತೆ ಇರೋದು ಸದಸ್ಯರ ಬಗ್ಗೆ. ಎಲ್ಲರೂ ಒಂದೇ ಬೀದಿ, ಒಂದೇ ಕಸುಬಿನವರಾದರೆ ನೆರೆ ಬಂದಾಗ ಎಲ್ಲರೂ ಒಟ್ಟಿಗೇ ಮುಳುಗುತ್ತಾರೆ. ಆಗ ಕೊಡುವವರು ಯಾರು? ಬೇರೆ ಬೇರೆ ಕಡೆಯವರನ್ನು, ಬೇರೆ ಬೇರೆ ವ್ಯಾಪಾರದವರನ್ನು ಸೇರಿಸಿಕೊಳ್ಳಿ. ಒಬ್ಬರಿಗೆ ಗರಿಷ್ಠ ಎಷ್ಟು ಅಂತ ಮೊದಲೇ ಬರೆದಿಡಿ. ದೊಡ್ಡ ತಕಾಫುಲ್ ಸಂಸ್ಥೆಗಳು ಕೂಡ ಇದೇ ಭಯಕ್ಕೆ ರೀತಕಾಫುಲ್ ಮಾಡಿಸಿ, ನಷ್ಟದ ಹೊರೆಯನ್ನು ಇನ್ನೊಂದು ಸಂಸ್ಥೆಯ ಜೊತೆ ಹಂಚಿಕೊಳ್ಳುತ್ತವೆ.

ಇನ್ನೊಂದು ಮಾತು. ಪರಿಹಾರದ ಭರವಸೆ ಕೊಟ್ಟು ಹೊರಗಿನವರಿಂದ ಹಣ ಪಡೆದರೆ ಬಹುತೇಕ ದೇಶಗಳಲ್ಲಿ ಪರವಾನಗಿ ಬೇಕು. ವಕೀಲರನ್ನು ಕೇಳಿ.

ಪ್ರಶ್ನೆ: ವರ್ಷವಿಡೀ ಯಾರಿಗೂ ನಷ್ಟ ಆಗದಿದ್ದರೆ ಉಳಿದ ಹಣ?

ಉತ್ತರ: ಮುಂದಿನ ವರ್ಷಕ್ಕೆ ಇಡಬಹುದು, ಸದಸ್ಯರಿಗೇ ಹಂಚಬಹುದು. ಯಾವುದು ಅಂತ ಶುರುವಲ್ಲೇ ಒಪ್ಪಿಕೊಂಡಿರಬೇಕು. ಮೊದಲ ಕೆಲವು ವರ್ಷ ಹಂಚಬೇಡಿ ಅನ್ನೋದು ನನ್ನ ಸಲಹೆ.

ಪ್ರಶ್ನೆ: ನಮ್ಮಲ್ಲಿ ಒಬ್ಬರು ಈಗಾಗಲೇ ಸಾಲದಲ್ಲಿ ಮುಳುಗಿದ್ದಾರೆ. ಅವರನ್ನು ಸೇರಿಸಿಕೊಳ್ಳೋಣವಾ?

ಉತ್ತರ: ಖಂಡಿತ ಸೇರಿಸಿಕೊಳ್ಳಿ, ಆದರೆ ಹಳೆಯ ಸಾಲವನ್ನು ಈ ನಿಧಿಯಿಂದ ತೀರಿಸಬೇಡಿ. ಅದಕ್ಕೆ ಝಕಾತ್, ಅಂದರೆ ಉಳ್ಳವರು ಕೊಡಲೇಬೇಕಾದ ಕಡ್ಡಾಯ ದಾನ ಇದೆ. ಝಕಾತ್ ಪಡೆಯಬಹುದಾದ ಎಂಟು ವರ್ಗಗಳಲ್ಲಿ (9:60) ಸಾಲಗಾರರೂ ಒಬ್ಬರು. ಸಾಲ ಕೊಟ್ಟವರ ಹತ್ತಿರವೂ ಮಾತಾಡಿ. ಕಷ್ಟದಲ್ಲಿರುವ ಸಾಲಗಾರನಿಗೆ ಸಮಯ ಕೊಡಿ, ಬಿಟ್ಟುಬಿಟ್ಟರೆ ಇನ್ನೂ ಒಳ್ಳೆಯದು ಅಂತ ಕುರ್‌ಆನ್ (2:280) ಹೇಳುತ್ತದೆ. ಎಷ್ಟೋ ಜನ ಕೇಳಿದರೆ ಒಪ್ಪುತ್ತಾರೆ, ಕೇಳೋದಕ್ಕೇ ನಾವು ಸಂಕೋಚಪಡುತ್ತೇವೆ.