ಬಂದಿಳಿದ ಮೇಲೂ ಡ್ಯೂಟಿ ಫ್ರೀ ಖರೀದಿ ಏಕೆ? ಸುಂಕ ಸಲಹೆಗಾರರೊಡನೆ ಪ್ರಶ್ನೋತ್ತರ

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ನಮಸ್ಕಾರ ಸರ್. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಬಂದಿರುವ ನಾವಿಬ್ಬರೂ ಮುಂದಿನ ತಿಂಗಳು ದೋಹಾ ಮಾರ್ಗವಾಗಿ ಬೆಂಗಳೂರಿಗೆ ಬಂದು, ಅಲ್ಲಿಂದ ಹುಬ್ಬಳ್ಳಿಯ ವಿಮಾನ ಹಿಡಿಯುವವರಿದ್ದೇವೆ. ಬೀಗರಿಗೆ ಒಂದೆರಡು ಬಾಟಲಿ ವಿಸ್ಕಿ, ಮನೆಮಂದಿಗೆ ಚಾಕೊಲೇಟು, ಸೆಂಟು ಒಯ್ಯಬೇಕೆಂದಿದೆ. ಬೆಂಗಳೂರಿನಲ್ಲಿ ಇಳಿದ ಮೇಲೂ ಡ್ಯೂಟಿ ಫ್ರೀ ಅಂಗಡಿ ಇರುತ್ತದೆ ಎಂದು ಅಳಿಯಂದಿರು ಹೇಳುತ್ತಾರೆ. ದೇಶ ಬಿಟ್ಟು ಹೋಗುವವರಿಗೆ ಸುಂಕ ಬೇಡವೆಂದರೆ ಅರ್ಥವಾಗುತ್ತದೆ. ಒಳಕ್ಕೆ ಬರುವವರಿಗೂ ಸುಂಕವಿಲ್ಲದೆ ಮಾರುವುದು ಹೇಗೆ ಸಾಧ್ಯ? ನಾವು ಎಲ್ಲಿ ಕೊಳ್ಳುವುದು ಮೇಲು?

ಉತ್ತರ: ನಿಮ್ಮ ಸಂಶಯ ಸಹಜವಾದದ್ದು. ಇಲ್ಲಿ ಮೊದಲು ಗಮನಿಸಬೇಕಾದದ್ದೆಂದರೆ, ಸುಂಕದ ವಿನಾಯಿತಿಯನ್ನು ಸರ್ಕಾರ ಕೊಟ್ಟಿರುವುದು ಪ್ರಯಾಣಿಕರಿಗೆ, ಅಂಗಡಿಗಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 79ನೇ ಕಲಮು ಪ್ರಯಾಣಿಕರು ತಮ್ಮ ಸಾಮಾನಿನೊಂದಿಗೆ ತರುವ ವಸ್ತುಗಳಿಗೆ ನಿಗದಿತ ಮಿತಿಯವರೆಗೆ ಸುಂಕ ಬಿಡಲು ಅವಕಾಶ ಕೊಡುತ್ತದೆ. ಆ ಮಿತಿಯನ್ನು ಹೇಳುವುದು ಬ್ಯಾಗೇಜ್ ನಿಯಮಗಳು. ಎರಡು ಲೀಟರ್ ವಿಸ್ಕಿಯನ್ನು ನೀವು ದೋಹಾದಲ್ಲಿ ಕೊಂಡು ಹೊತ್ತು ತಂದರೂ ಇಲ್ಲಿ ಸುಂಕ ಕೇಳುವುದಿಲ್ಲ. ಅದೇ ಎರಡು ಲೀಟರನ್ನು ಬೆಂಗಳೂರಿನ ಆಗಮನ ವಿಭಾಗದಲ್ಲಿ ಕೊಂಡಿರೆಂದರೆ ಸರ್ಕಾರ ಹೊಸದಾಗಿ ಕಳೆದುಕೊಳ್ಳುವ ಸುಂಕವೇನೂ ಇಲ್ಲ. ದೋಹಾದ ಅಂಗಡಿಗೆ ಆಗಬಹುದಾಗಿದ್ದ ವ್ಯಾಪಾರ ಇಲ್ಲಿಯ ಅಂಗಡಿಗೆ ಆಗುತ್ತದೆ, ಅಷ್ಟೆ. ಆಗಮನದ ವೇಳೆ ಮಾರಾಟಕ್ಕೆ ಅವಕಾಶ ಕೊಟ್ಟ ದೇಶಗಳ ವಾದದ ತಿರುಳು ಇದೇ.

ಕಾನೂನಿನ ಕಣ್ಣಿನಲ್ಲಿ ಆ ಅಂಗಡಿಯೊಂದು ಗೋದಾಮು. ಕಸ್ಟಮ್ಸ್ ಕಾಯ್ದೆಯ 58ಎ ಕಲಮಿನಡಿ ವಿಶೇಷ ಗೋದಾಮಿನ ಪರವಾನಗಿ ಪಡೆದು, ಸುಂಕ ಕಟ್ಟದ ಸರಕನ್ನು ಇಲಾಖೆಯ ಕಣ್ಗಾವಲಿನಲ್ಲಿ ಇಟ್ಟುಕೊಂಡು ಮಾರುತ್ತಾರೆ. ವಲಸೆ ತಪಾಸಣೆಯವರು ಪಾಸ್‌ಪೋರ್ಟಿಗೆ ಮೊಹರು ಒತ್ತಿದ ನಂತರ, ಕಸ್ಟಮ್ಸ್‌ನ ಹಸಿರು (ಸುಂಕ ಕಟ್ಟಬೇಕಾದ ಸರಕಿಲ್ಲದವರ ದಾರಿ) ಮತ್ತು ಕೆಂಪು (ಅಂಥ ಸರಕು ಇರುವವರ ದಾರಿ) ಚಾನೆಲ್‌ಗಳಿಗಿಂತ ಮೊದಲು, ಸಾಮಾನ್ಯವಾಗಿ ಪೆಟ್ಟಿಗೆಗಳು ತಿರುಗುವ ಬೆಲ್ಟಿನ ಆಸುಪಾಸಿನಲ್ಲಿಯೇ ಅದು ಇರುತ್ತದೆ. ನೀವು ನಿಂತಿರುವುದು ದೇವನಹಳ್ಳಿಯ ನೆಲದ ಮೇಲೆಯೇ ಆದರೂ ಸರಕು ಇನ್ನೂ ಕಸ್ಟಮ್ಸ್ ಗಡಿ ದಾಟಿರುವುದಿಲ್ಲ. ಈ ವಿಷಯದಲ್ಲಿ ನಮ್ಮ ರಾಜ್ಯದ್ದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಬೆಂಗಳೂರು ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಮಾರಾಟದ ಮೇಲೆ ರಾಜ್ಯದ ತೆರಿಗೆ ಇಲಾಖೆ ಮಾರಾಟ ತೆರಿಗೆ ಕೇಳಿದಾಗ, ಹೋಟೆಲ್ ಅಶೋಕ ಪ್ರಕರಣದ 2012ರ ತೀರ್ಪಿನಲ್ಲಿ ನ್ಯಾಯಾಲಯ, ಸರಕು ಕಸ್ಟಮ್ಸ್ ಗಡಿ ದಾಟುವ ಮೊದಲೇ ನಡೆಯುವ ಮಾರಾಟಕ್ಕೆ ರಾಜ್ಯ ತೆರಿಗೆ ಹಾಕುವಂತಿಲ್ಲ ಎಂದಿತು.

ಇನ್ನು ಎಲ್ಲಿ ಕೊಳ್ಳುವುದೆಂಬ ಮಾತು. ನಿಮ್ಮ ಪ್ರಯಾಣಕ್ಕೆ ಬೆಂಗಳೂರೇ ಸೂಕ್ತ. ಅಮೆರಿಕದ ನಿಲ್ದಾಣದಲ್ಲಿ ಬಾಟಲಿ ಕೊಂಡರೆ ದೋಹಾದಲ್ಲಿ ವಿಮಾನ ಬದಲಿಸುವಾಗ ಮತ್ತೊಮ್ಮೆ ಭದ್ರತಾ ತಪಾಸಣೆಗೆ ಒಳಗಾಗಬೇಕು. 100 ಮಿಲಿಲೀಟರಿಗಿಂತ ಹೆಚ್ಚಿನ ದ್ರವ ಸರಿಯಾಗಿ ಸೀಲಾದ ಚೀಲದಲ್ಲಿ, ಬಿಲ್ಲಿನ ಸಮೇತ ಇರದಿದ್ದರೆ ಅಲ್ಲಿಯೇ ಉಳಿಯುತ್ತದೆ. ಹದಿನಾಲ್ಕು ಹದಿನೈದು ಗಂಟೆ ಕಾಲಡಿ ಗಾಜಿನ ಬಾಟಲಿ ಇಟ್ಟುಕೊಂಡು ಕೂರುವುದು ಈ ವಯಸ್ಸಿನಲ್ಲಿ ಬೇಡವೂ ಬೇಡ. ಬೆಂಗಳೂರಿನಲ್ಲಿ ಒಂದು ಎಚ್ಚರಿಕೆ ಮಾತ್ರ ಬೇಕು. ಹುಬ್ಬಳ್ಳಿಯಲ್ಲಿ ಕಸ್ಟಮ್ಸ್ ತಪಾಸಣೆಯ ವ್ಯವಸ್ಥೆ ಇಲ್ಲದ್ದರಿಂದ ಪೆಟ್ಟಿಗೆಗಳನ್ನು ಬೆಂಗಳೂರಿನಲ್ಲಿಯೇ ಪಡೆದು ಹೊರಬಂದು, ಹುಬ್ಬಳ್ಳಿ ವಿಮಾನಕ್ಕೆ ಮತ್ತೆ ಒಪ್ಪಿಸಬೇಕಾಗುತ್ತದೆ. ಹಾಗೆ ಒಪ್ಪಿಸುವ ಮೊದಲೇ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಸೇರಿಸಿರಿ. ಶೇ 24ರಿಂದ 70ರವರೆಗಿನ ಆಲ್ಕೋಹಾಲ್ ಇರುವ ಪಾನೀಯವನ್ನು ಒಬ್ಬರು ಐದು ಲೀಟರ್‌ವರೆಗೆ ಒಯ್ಯಬಹುದೆಂಬುದು ವಿಮಾನಯಾನದ ಸುರಕ್ಷತಾ ನಿಯಮ. ಆದ್ದರಿಂದ ವಿಮಾನದವರ ತಕರಾರು ಬರಲಾರದು.

ಮರುಪ್ರಶ್ನೆ (ಅವರೇ): ಹಾಗಾದರೆ ನಮ್ಮಿಬ್ಬರಿಂದ ನಾಲ್ಕು ಲೀಟರ್ ತರಬಹುದೇ? ನಮ್ಮ ಮನೆಯವರು ಮದ್ಯ ಮುಟ್ಟುವವರಲ್ಲ.

ಉತ್ತರ: ಮುಟ್ಟುತ್ತಾರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ತಲಾ ಎರಡು ಲೀಟರ್ ಇಬ್ಬರಿಗೂ ಉಂಟು. ಆದರೆ ಒಬ್ಬರ ಮಿತಿಯನ್ನು ಇನ್ನೊಬ್ಬರ ಮಿತಿಯೊಂದಿಗೆ ಕೂಡಿಸುವಂತಿಲ್ಲವೆಂದು ನಿಯಮ ಸ್ಪಷ್ಟವಾಗಿ ಹೇಳುವುದರಿಂದ, ಅವರವರ ಪಾಸ್‌ಪೋರ್ಟ್ ಮತ್ತು ಬೋರ್ಡಿಂಗ್ ಪಾಸ್ ತೋರಿಸಿ ಎರಡು ಪ್ರತ್ಯೇಕ ಬಿಲ್ಲು ಮಾಡಿಸಿರಿ. ಬಾಟಲಿಯ ಅಳತೆಯನ್ನೂ ನೋಡಬೇಕು. ನಮ್ಮ ಪೇಟೆಯ 750 ಮಿಲಿಲೀಟರಿನ ಬಾಟಲಿ ಎರಡಾದರೆ ಒಂದೂವರೆ ಲೀಟರ್, ಮೂರಾದರೆ ಮಿತಿ ದಾಟುತ್ತದೆ. ಡ್ಯೂಟಿ ಫ್ರೀ ಅಂಗಡಿಗಳಲ್ಲಿ ಒಂದು ಲೀಟರಿನ ಬಾಟಲಿಗಳೇ ಹೆಚ್ಚಾಗಿ ಕಾಣುವುದರಿಂದ ಅಲ್ಲಿ ಎರಡು ಬಾಟಲಿಗೆ ಲೆಕ್ಕ ಸರಿಹೋಗುತ್ತದೆ.

ಬಹಳ ಜನ ತಿಳಿಯದ ಸಂಗತಿ ಇನ್ನೊಂದಿದೆ. ಮದ್ಯದ ಬೆಲೆ ಒಟ್ಟು ವಿನಾಯಿತಿಯ ಮೊತ್ತದಿಂದ ಹೊರಗಿಲ್ಲ. 2016ರ ನಿಯಮಗಳಲ್ಲಿ ನಮ್ಮಂಥ ನಿವಾಸಿಗಳಿಗೆ 50,000 ರೂಪಾಯಿ ಇದ್ದ ಮಿತಿಯನ್ನು 2026ರ ಫೆಬ್ರುವರಿಯಿಂದ 75,000 ರೂಪಾಯಿಗೆ ಏರಿಸಲಾಗಿದೆ. ಅಮೆರಿಕದಿಂದ ತರುವ ಹೊಸ ವಸ್ತುಗಳೂ ದೋಹಾದ ಸೆಂಟೂ ಬೆಂಗಳೂರಿನ ವಿಸ್ಕಿಯೂ ಸೇರಿ ಒಬ್ಬೊಬ್ಬರದು ಆ ಮೊತ್ತದೊಳಗೆ ಇರಬೇಕು.

ಪ್ರಶ್ನೆ (ದುರ್ಗದಬೈಲ, ಹುಬ್ಬಳ್ಳಿ): ನಾನು ಸೌಂದರ್ಯವರ್ಧಕ ಮತ್ತು ಸುಗಂಧದ್ರವ್ಯಗಳ ವ್ಯಾಪಾರಿ. ಆಮದು ಸರಕಿನ ಬೆಲೆಯಲ್ಲಿ ಸುಂಕ ಸೇರಿರುತ್ತದೆ, ಅದರ ಮೇಲೆ ಜಿಎಸ್‌ಟಿ, ಅಂಗಡಿ ಬಾಡಿಗೆ, ಆಳುಗಳ ಸಂಬಳ. ವಿಮಾನದಲ್ಲಿ ತಿರುಗುವ ಅನುಕೂಲಸ್ಥರಿಗೆ ಅದೇ ಸರಕು ಸುಂಕವಿಲ್ಲದೆ ಸಿಗುವುದು ಯಾವ ನ್ಯಾಯ? ಆಗಮನದ ಅಂಗಡಿಗಳನ್ನಾದರೂ ಮುಚ್ಚಬಾರದೇ?

ಉತ್ತರ: ತಮ್ಮ ಅಳಲನ್ನು ಅಲ್ಲಗಳೆಯಲಾರೆ. ಆದರೆ ಅಂಗಡಿ ಮುಚ್ಚಿದ ಮಾತ್ರಕ್ಕೆ ಆ ಗಿರಾಕಿ ದುರ್ಗದಬೈಲಿಗೆ ಬರುತ್ತಾನೆಯೇ ಎಂಬುದನ್ನು ನೋಡಬೇಕು. ವಿನಾಯಿತಿ ಇರುವವರೆಗೆ ಆತ ದುಬೈಯಲ್ಲೋ ಸಿಂಗಪುರದಲ್ಲೋ ಕೊಂಡು ತರುತ್ತಾನೆ. ನಮ್ಮ ನಿಲ್ದಾಣದಲ್ಲಿ ಕೊಂಡರೆ ಅಂಗಡಿಯ ಬಾಡಿಗೆಯ ಹಣ ಇಲ್ಲಿಯೇ ಉಳಿಯುತ್ತದೆ. 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿಯ ಪ್ರಕಾರ ನಿಲ್ದಾಣಗಳ ಇಂಥ ಇತರೆ ಆದಾಯದ ಶೇ 30ರಷ್ಟನ್ನು ವಿಮಾನ ಸೇವೆಗಳ ಶುಲ್ಕ ತಗ್ಗಿಸಲು ಲೆಕ್ಕಕ್ಕೆ ಹಿಡಿಯುತ್ತಾರೆ. ಹೀಗಾಗಿ ಏನನ್ನೂ ಕೊಳ್ಳದ ಪ್ರಯಾಣಿಕನಿಗೂ ಅದರ ಅಲ್ಪ ಪಾಲು ಮುಟ್ಟುತ್ತದೆ.

ಬೇರೆ ದೇಶಗಳೂ ಇದನ್ನು ಒಂದೇ ರೀತಿ ನೋಡಿಲ್ಲ. ಐರೋಪ್ಯ ಒಕ್ಕೂಟ ತನ್ನ ಸದಸ್ಯ ದೇಶಗಳ ನಡುವಿನ ಡ್ಯೂಟಿ ಫ್ರೀ ಮಾರಾಟವನ್ನು 1999ರ ಜುಲೈಯಲ್ಲಿ ನಿಲ್ಲಿಸಿತು. ಒಕ್ಕೂಟದ ಹೊರಗಿರುವ ನಾರ್ವೆ 2005ರಲ್ಲಿ, ಸ್ವಿಟ್ಜರ್ಲೆಂಡ್ 2011ರಲ್ಲಿ ಆಗಮನದ ಖರೀದಿಗೆ ಬಾಗಿಲು ತೆರೆದವು. ಜಪಾನ್ 2017ರಲ್ಲಿಯೂ ದಕ್ಷಿಣ ಕೊರಿಯಾ 2019ರಲ್ಲಿಯೂ ಅದೇ ಹಾದಿ ಹಿಡಿದವು. ಥಾಯ್ಲೆಂಡ್ ಮಾತ್ರ 2024ರ ಆಗಸ್ಟಿನಲ್ಲಿ ತನ್ನ ಆಗಮನದ ಅಂಗಡಿಗಳನ್ನು ನಿಲ್ಲಿಸಿ, ಬಂದವರು ಊರೊಳಗಿನ ಪೇಟೆಯಲ್ಲಿ ಖರ್ಚು ಮಾಡಲಿ ಎಂದಿತು. ತಮ್ಮ ವಾದಕ್ಕೆ ಹತ್ತಿರದ ಉದಾಹರಣೆ ಅದೇ.

ಒಂದು ಅಂಶದಲ್ಲಿ ತಮ್ಮ ಪರವಾಗಿಯೇ ಹೇಳುತ್ತೇನೆ. ಪೆಟ್ಟಿಗೆ ಬರುವವರೆಗೆ ಕೆಲಸವಿಲ್ಲದೆ ನಿಂತವರ ಎದುರಿಗೇ ಅಂಗಡಿ ಇರುವುದರಿಂದ, ಕೊಳ್ಳುವ ಯೋಚನೆಯೇ ಇಲ್ಲದವರೂ ಏನಾದರೊಂದು ಕೊಳ್ಳುತ್ತಾರೆ. ಅಷ್ಟರ ಮಟ್ಟಿಗೆ ಊರಿನ ಪೇಟೆಗೆ ನಷ್ಟವಿದೆ. ಆದರೂ ತಮ್ಮ ವ್ಯಾಪಾರಕ್ಕೆ ಹೆಚ್ಚು ತಟ್ಟುವುದು 50,000ದಿಂದ 75,000ಕ್ಕೆ ಏರಿದ ಮಿತಿ. ವರ್ತಕರ ಸಂಘದಿಂದ ಮನವಿ ಕೊಡುವುದಾದರೆ ಅದು ಈ ಮಿತಿಯ ಕುರಿತಾಗಿರಲಿ ಎಂಬುದು ನನ್ನ ಸಲಹೆ.

ಸಿಗರೇಟಿನ ಮಾತು ಬೇರೆ. ಅದನ್ನು ಆಗಮನದ ಅಂಗಡಿಯಲ್ಲಿ ಸುಂಕವಿಲ್ಲದೆ ಮಾರುವುದನ್ನು ನಾನು ಸಮರ್ಥಿಸಲಾರೆ. ಭಾರತವೂ ಒಪ್ಪಿ ಸಹಿ ಹಾಕಿರುವ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಯ 6ನೇ ವಿಧಿ, ಪ್ರಯಾಣಿಕರಿಗೆ ಸುಂಕರಹಿತ ತಂಬಾಕು ಮಾರುವುದನ್ನು ನಿಷೇಧಿಸುವ ಇಲ್ಲವೇ ನಿರ್ಬಂಧಿಸುವ ಕ್ರಮವನ್ನು ಸೂಚಿಸುತ್ತದೆ. ನಮ್ಮಲ್ಲಿ ಒಬ್ಬರಿಗೆ 100 ಸಿಗರೇಟು ಎಂಬ ಮಿತಿಯಿದೆ, ಮಾರಾಟವಂತೂ ನಿಂತಿಲ್ಲ.

ಪ್ರಶ್ನೆ (ಗದಗ): ನನ್ನ ತಮ್ಮ ದುಬೈಯಿಂದ 95,000 ರೂಪಾಯಿ ಬೆಲೆಯ ಹೊಸ ಫೋನು ತರುತ್ತಿದ್ದಾನೆ. ಸುಂಕ ಬೀಳುತ್ತದೆಯೇ? ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡರೆ ಅಗ್ಗವೇ?

ಉತ್ತರ: ಮಿತಿ ಮೀರಿದ ಭಾಗಕ್ಕೆ ಮಾತ್ರ ಸುಂಕ. 75,000 ಕಳೆದು ಉಳಿದ 20,000 ರೂಪಾಯಿಗೆ ಶೇ 35 ಮತ್ತು ಅದರ ಮೇಲಿನ ಮೇಲ್ತೆರಿಗೆ ಸೇರಿ ಶೇ 38.5ರಂತೆ 7,700 ರೂಪಾಯಿ ಆಗುತ್ತದೆ. ಕೆಂಪು ಚಾನೆಲ್‌ಗೆ ಹೋಗಿ, ಬಿಲ್ಲು ತೋರಿಸಿ, ಕಟ್ಟಿ ಬರಲು ಹೇಳಿರಿ. ಹಸಿರಿನಲ್ಲಿ ನಡೆದು ಸಿಕ್ಕಿಬಿದ್ದರೆ ದಂಡವೂ ಬೀಳಬಹುದು, ಫೋನನ್ನು ಜಪ್ತಿ ಮಾಡುವ ಅಧಿಕಾರವೂ ಅವರಿಗಿದೆ. ಹದಿನೆಂಟು ತುಂಬಿದವರು ತರುವ ಒಂದು ಲ್ಯಾಪ್‌ಟಾಪ್ ಈ ಲೆಕ್ಕಕ್ಕೆ ಬರುವುದಿಲ್ಲ.

ಡ್ಯೂಟಿ ಫ್ರೀ ಎಂದ ಮಾತ್ರಕ್ಕೆ ಎಲ್ಲವೂ ಅಗ್ಗವಲ್ಲ. ಮದ್ಯದಂಥ ಭಾರೀ ತೆರಿಗೆಯ ಸರಕಿನಲ್ಲಿ ಉಳಿತಾಯ ನಿಜ. ಚಾಕೊಲೇಟಿನಲ್ಲಿ ನಿಲ್ದಾಣದ ಬಾಡಿಗೆಯೂ ಸೇರಿ ಬೆಲೆ ಊರಿನ ಅಂಗಡಿಯದಕ್ಕಿಂತ ಹೆಚ್ಚಾಗಿರುವುದುಂಟು.

ಪ್ರಶ್ನೆ (ಹಾವೇರಿ): ಮಗ ಗೋವಾದಲ್ಲಿ ಇಳಿದು ಕಾರಿನಲ್ಲಿ ಬರುತ್ತಾನೆ. ಅಲ್ಲಿಯ ಡ್ಯೂಟಿ ಫ್ರೀ ಬಾಟಲಿಗಳಿಗೆ ಗಡಿಯ ತಪಾಸಣೆಯಲ್ಲಿ ತೊಂದರೆಯಾದೀತೇ?

ಉತ್ತರ: ಕಸ್ಟಮ್ಸ್ ವಿನಾಯಿತಿ ಕೇಂದ್ರದ ಸುಂಕಕ್ಕೆ ಸಂಬಂಧಿಸಿದ್ದು. ಮದ್ಯದ ಸಾಗಣೆ ಮತ್ತು ಇಟ್ಟುಕೊಳ್ಳುವ ಪ್ರಮಾಣ ಸಂವಿಧಾನದ ರಾಜ್ಯಪಟ್ಟಿಗೆ ಸೇರಿದ ವಿಷಯವಾಗಿದ್ದು, ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಅಡಿಯಲ್ಲಿ ಬರುತ್ತದೆ. ಅನಮೋಡ ಘಾಟಿನಲ್ಲಿ ಕಾರು ತಡೆದವರಿಗೆ ಗೋವಾದ ಪೇಟೆಯ ಅಗ್ಗದ ಬಾಟಲಿ ಯಾವುದು, ವಿದೇಶದಿಂದ ಬಂದವನ ಬಾಟಲಿ ಯಾವುದು ಎಂದು ಬಿಲ್ಲಿನಿಂದಲೇ ತಿಳಿಯಬೇಕು. ಪಾಸ್‌ಪೋರ್ಟ್ ಸಂಖ್ಯೆ ನಮೂದಾದ ಬಿಲ್ಲು, ಬೋರ್ಡಿಂಗ್ ಪಾಸ್, ಸೀಲ್ ಒಡೆಯದ ಬಾಟಲಿ, ಈ ಮೂರೂ ಕೈಗೆ ಸಿಗುವಂತಿರಲಿ. ದಾರಿಯಲ್ಲಿ ಗೋವಾದ ಅಂಗಡಿಯ ಬಾಟಲಿಯನ್ನು ಪರ್ಮಿಟ್ ಇಲ್ಲದೆ ಅದರ ಜೊತೆ ಸೇರಿಸುವುದು ಬೇಡ. ಆಗ ಸರಿಯಾದ ಸರಕಿಗೂ ವಿವರಣೆ ಕೊಡುತ್ತ ನಿಲ್ಲಬೇಕಾಗುತ್ತದೆ.

ಪ್ರಶ್ನೆ (ಸಪ್ತಾಪುರ, ಧಾರವಾಡ): ನಮ್ಮ ಹುಬ್ಬಳ್ಳಿ ನಿಲ್ದಾಣದಲ್ಲಿಯೇ ಇಂಥ ಅಂಗಡಿ ತೆರೆಯಲು ಏನು ಅಡ್ಡಿ?

ಉತ್ತರ: ಅಂಗಡಿಗಿಂತ ಮೊದಲು ವಿದೇಶದಿಂದ ನೇರವಾಗಿ ಬರುವ ವಿಮಾನ ಬೇಕು. ಅದಕ್ಕೆ ಕಸ್ಟಮ್ಸ್ ಕಾಯ್ದೆಯ 7ನೇ ಕಲಮಿನಡಿ ಗೋಕುಲ ರಸ್ತೆಯ ನಿಲ್ದಾಣವನ್ನು ಕಸ್ಟಮ್ಸ್ ವಿಮಾನ ನಿಲ್ದಾಣವೆಂದು ಅಧಿಸೂಚಿಸಬೇಕು, ವಲಸೆ ತಪಾಸಣೆಯ ಸಿಬ್ಬಂದಿ ನೇಮಕವಾಗಬೇಕು. ಅಂಗಡಿಯ ಪರವಾನಗಿ ಇವೆಲ್ಲದರ ನಂತರದ ಮಾತು, ಮತ್ತು ವಾರಕ್ಕೆ ಒಂದೆರಡು ವಿಮಾನ ಬಂದರೆ ಯಾವ ಗುತ್ತಿಗೆದಾರನೂ ಬಂಡವಾಳ ಹೂಡುವುದಿಲ್ಲ.