ಪ್ಯಾರಿಸ್‌ನ್ಯಾಗ ಅತ್ತಿ, ಮಗಳ ಜೋಡಿ ಉಳ್ಕೊಳ್ಳಾಕ ಯಾವ ಏರಿಯಾ ಛಲೋ?

ತೊಗರಿಕಣಜ, ಕಲಬುರಗಿ:

ದಸರಾ ಸೂಟಿಗೆ ಪ್ಯಾರಿಸ್‌ಗೆ ಹೊಂಟೀವಿ. ನಾನು, ನಮ್ಮ ಯಜಮಾನ್ರು, 12 ವರ್ಷದ ಮಗಳು, 68 ವರ್ಷದ ಅತ್ತಿ. ಅತ್ತಿಗೆ ಮೊಣಕಾಲು ನೋವು ಅದ, ಮೆಟ್ಟಿಲು ಭಾಳ ಹತ್ತಿ ಇಳ್ಯಾಕ ಆಗಲ್ಲ. ಎಲ್ಲಾರೂ ಶಾಕಾಹಾರಿ. ವೀಸಾ ಅರ್ಜಿ ಹೈದರಾಬಾದ್‌ನ್ಯಾಗ ಕೊಡೋದು, ಅದಕ್ಕ ಹೋಟೆಲ್ ಬುಕಿಂಗ್ ಕಾಗದ ಮೊದಲೇ ಬೇಕು. ಆರು ರಾತ್ರಿ, ಎರಡು ಖೋಲಿ ಸೇರಿ ರಾತ್ರಿಗೆ 220 ಯೂರೋ ದಾಟಬಾರದು.

ಮೂರು ಹೋಟೆಲ್ ನೋಡಿಟ್ಟೀವಿ. ಒಂದು ಗಾರ್ ದು ನೋರ್ ರೈಲ್ವೆ ಸ್ಟೇಷನ್ ಎದುರಿಗೆ. ಎರಡನೇದರ ಹೆಸರಿನ್ಯಾಗ 'ಪ್ಯಾರಿಸ್ ನೋರ್' ಅಂತ ಅದ, ಖೋಲಿ ದೊಡ್ಡು, ರೇಟು ಅರ್ಧ, ಪಿನ್‌ಕೋಡ್ 93200. ಮೂರನೇದು 15ನೇ ವಾರ್ಡಿನ್ಯಾಗ, ಖೋಲಿ ಸಣ್ಣು, ರೇಟು ಜಾಸ್ತಿ. ಟ್ರಾವೆಲ್ಸಿನವರು 'ಸ್ಟೇಷನ್ ಬಾಜೂಕಿದ್ರ ಅನುಕೂಲ' ಅಂತಾರ. ಪರಿಚಯದವರು 'ಅಲ್ಲಿ ಎಲ್ಲಾ ಕಡಿ ಕಳ್ಳರೇ' ಅಂತಾರ. ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಭೀಮಾತೀರ:

ಅಕ್ಕಾರೆ, ಎರಡನೇದನ್ನ ಈಗಲೇ ತೆಗೆದುಹಾಕಿ. ಪ್ಯಾರಿಸ್ ಊರಿನ ಪಿನ್‌ಕೋಡ್ 75ರಿಂದ ಶುರುವಾಗ್ತದೆ, ಕೊನೇ ಎರಡು ಅಂಕಿ ವಾರ್ಡ್ ನಂಬರ್. 75015 ಅಂದ್ರೆ 15ನೇ ವಾರ್ಡ್, 75010 ಅಂದ್ರೆ 10ನೇದು. 16ನೇ ವಾರ್ಡಿನ ಒಂದು ಭಾಗಕ್ಕೆ ಮಾತ್ರ 75116 ಅಂತ ಇರ್ತದೆ. ನಿಮ್ಮ 93200 ಸಾಂ-ದನಿ, ಊರಿನ ಉತ್ತರಕ್ಕಿರೋ ಬೇರೆಯೇ ಪುರಸಭೆ. ಫ್ರಾನ್ಸಿನ ರಾಜರ ಸಮಾಧಿಗಳಿರೋ ಚರ್ಚು, ದೊಡ್ಡ ಸ್ಟೇಡಿಯಂ ಅಲ್ಲಿವೆ. ಹಗಲು ಹೋಗಿ ನೋಡಬಹುದು. ಆದರೆ ಮೊದಲ ಸಲ ಬರೋ ಕುಟುಂಬ ರಾತ್ರಿ ಹತ್ತಕ್ಕೆ ರೈಲು ಇಳಿದು ನಡೆಯೋ ಜಾಗ ಅದಲ್ಲ. ಹೋಟೆಲ್ ಹೆಸರಲ್ಲಿ 'ಪ್ಯಾರಿಸ್' ಅಂತ ಯಾರು ಬೇಕಾದ್ರೂ ಹಾಕಿಕೊಳ್ಳಬಹುದು, ಪಿನ್‌ಕೋಡ್ ಬದಲಿಸೋಕೆ ಬರಲ್ಲ.

ವಾರ್ಡುಗಳು ಒಟ್ಟು 20. ಊರ ನಡುವಿನ ಲೂವ್ರ್ ಮ್ಯೂಸಿಯಂ ಹತ್ತಿರ ಒಂದರಿಂದ ಶುರುವಾಗಿ ಗಡಿಯಾರದ ದಿಕ್ಕಲ್ಲಿ ಸುತ್ತಿ ಹೊರಗೆ ಹೋಗ್ತವೆ. ಹಾಗಾಗಿ 'ನಂಬರ್ ದೊಡ್ಡದಾದಷ್ಟೂ ಕೆಟ್ಟ ಏರಿಯಾ' ಅನ್ನೋ ಲೆಕ್ಕ ಸರಿಯಲ್ಲ. 15 ಮತ್ತು 14 ಸಂಸಾರಸ್ಥರ ಶಾಂತ ವಾರ್ಡುಗಳು. ಅವಕ್ಕಿಂತ ಸಣ್ಣ ನಂಬರಿನ 10ರಲ್ಲಿ ಕಾಲುವೆ ದಂಡೆಯ ಚೆಂದದ ಬೀದಿಗಳೂ ಇವೆ, ಸ್ಟೇಷನ್ ಹಿಂದಿನ ಗಲೀಜು ಗಲ್ಲಿಗಳೂ ಇವೆ. ವಾರ್ಡ್ ನೋಡಿ ಸುಮ್ಮನಾಗಬೇಡಿ. ಮೆಟ್ರೊ ಮೆಟ್ಟಿಲಿಂದ ಹೋಟೆಲ್ ಬಾಗಿಲ ತನಕ ಇರೋ ಕೊನೇ 400 ಮೀಟರ್ ನೋಡಿ, ಅದೇ ಮುಖ್ಯ.

ನೋಡೋದು ಹೇಗೆ ಅಂದ್ರೆ, ಮ್ಯಾಪಿನಲ್ಲಿ ಹೋಟೆಲ್ ವಿಳಾಸ ಹಾಕಿ ಹತ್ತಿರದ ಮೆಟ್ರೊದಿಂದ ನಡಿಗೆ ದಾರಿ ತೆಗೆಯಿರಿ. ಆಮೇಲೆ ಸ್ಟ್ರೀಟ್ ವ್ಯೂನಲ್ಲಿ ಆ ದಾರಿ ಪೂರ್ತಿ ಸಾಗಿ. ನೆಲಮಹಡಿಯ ಅಂಗಡಿಗಳು ಯಾವುವು? ಬೇಕರಿ, ಹಸಿರು ಪ್ಲಸ್ ಗುರುತಿನ ಔಷಧಿ ಅಂಗಡಿ, ಸ್ಕೂಲು, ತರಕಾರಿ ಅಂಗಡಿ ಇದ್ರೆ ಅದು ಜನ ಸಂಸಾರ ಮಾಡೋ ಬೀದಿ. ಸಾಲಾಗಿ ಮುಚ್ಚಿದ ಶಟರ್, ರೈಲು ಸೇತುವೆ ಕೆಳಗಿನ ಸುರಂಗ, ರಿಂಗ್ ರೋಡ್ ದಾಟೋ ಕಾಲುದಾರಿ ಕಂಡ್ರೆ ಬಿಟ್ಟುಬಿಡಿ. 'ಪೋರ್ತ್ ದ' ಅಂತ ಶುರುವಾಗೋ ನಿಲ್ದಾಣಗಳೆಲ್ಲ ಈ ರಿಂಗ್ ರೋಡಿನ ಅಂಚಲ್ಲಿವೆ. ಹೋಟೆಲ್ ಅದರ ಆಚೆ ಇದೆಯೋ ಈಚೆ ಇದೆಯೋ ಅನ್ನೋದರ ಮೇಲೆ ಬಹಳ ವ್ಯತ್ಯಾಸ. ಚಿತ್ರ ಯಾವ ವರ್ಷದ್ದು ಅಂತ ಮೂಲೆಯಲ್ಲಿ ಬರೆದಿರ್ತದೆ, ಅದನ್ನೂ ನೋಡಿ. ವಿಮರ್ಶೆಗಳನ್ನ ಹೊಸದು ಮೊದಲು ಬರೋ ಹಾಗೆ ಜೋಡಿಸಿ 'ಕಾರ್ತಿಯೇ' (quartier) ಅನ್ನೋ ಫ್ರೆಂಚ್ ಪದ ಹುಡುಕಿ, ಅಂದ್ರೆ ಬಡಾವಣೆ. ಒಬ್ಬರೇ ಬಂದ ಹೆಣ್ಣುಮಕ್ಕಳು ರಾತ್ರಿ ಬಗ್ಗೆ ಬರೆದ ಎರಡು ಸಾಲು ನಾಲ್ಕು ಸ್ಟಾರಿಗಿಂತ ಹೆಚ್ಚು ಹೇಳ್ತವೆ.

ನಿಮ್ಮ ಮೂರರಲ್ಲಿ 15ನೇ ವಾರ್ಡಿಂದೇ ಸರಿ. ಅಲ್ಲಿ ಲಾ ಮೊತ್-ಪಿಕೇ ಗ್ರನೆಲ್ ಅನ್ನೋ ನಿಲ್ದಾಣದಲ್ಲಿ 6, 8, 10 ಮೂರು ಲೈನ್ ಸೇರ್ತವೆ, ಐಫೆಲ್ ಗೋಪುರ ನಡಿಗೆ ದೂರ, ಪಕ್ಕದ ಕೊಮರ್ಸ್ ಬೀದಿ ಸಂಜೆ ತನಕ ಜನರಿಂದ ತುಂಬಿರ್ತದೆ. ಒಂದೇ ತೊಂದರೆ: 6ನೇ ಲೈನ್ ಅಲ್ಲಿ ಕಂಬಗಳ ಮೇಲೆ ಓಡ್ತದೆ. ಗ್ರನೆಲ್ ಬುಲ್ವಾರ್ ಕಡೆ ಕಿಟಕಿ ಇರೋ ರೂಮ್ ಕೊಟ್ರೆ ಮಧ್ಯರಾತ್ರಿ ದಾಟೋ ತನಕ ಸದ್ದು. 'ಒಳಅಂಗಳದ ಕಡೆ ರೂಮ್ ಕೊಡಿ' ಅಂತ ಬುಕಿಂಗ್ ಮಾಡುವಾಗಲೇ ಬರೆಯಿರಿ. 7ನೇ ವಾರ್ಡ್ ಇನ್ನೂ ಶಾಂತ, ಆದರೆ ದುಬಾರಿ. ಗೋಪುರದ ಮುಂದಿನ ಮೈದಾನವನ್ನ ತಡರಾತ್ರಿ ಕತ್ತಲಲ್ಲಿ ಅಡ್ಡ ಹಾಯಬೇಡಿ, ಸುತ್ತಿನ ದೀಪದ ರಸ್ತೆ ಹಿಡೀರಿ.

ಗುಂಬಜ್_ಬೀದರ್:

ಗಾರ್ ದು ನೋರ್ ಬಗ್ಗೆ ನಾ ಹೇಳ್ತೀನಿ, ಯಾಕಂದ್ರ ನಮ್ಮ ಮಂದಿ ಊಟದ ಸಲುವಾಗಿ ಅಲ್ಲೇ ಹೋಟೆಲ್ ಹಿಡೀತಾರ. ಸ್ಟೇಷನ್ ಹಿಂದಾಗಡೆ ಲಾ ಶಾಪೆಲ್ ಮೆಟ್ರೊ ತನಕ ಫೊಬೂರ್ ಸಾಂ-ದನಿ ಬೀದಿ, ಕಾಯ್ ಬೀದಿ ಎಲ್ಲಾ ತಮಿಳರ ಅಂಗಡಿ. ದೋಸೆ, ಇಡ್ಲಿ, ಕರಿಬೇವು, ತೊಗರಿಬ್ಯಾಳಿ ಸಿಗ್ತಾವ, ಆ ಕಡಿ ಗಣಪತಿ ಗುಡಿನೂ ಅದ. (ಬೀದಿ ಹೆಸರು ನೋಡಿ ಸಾಂ-ದನಿ ಪುರಸಭೆ ಅಂತ ತಿಳೀಬ್ಯಾಡ್ರಿ, ಇದು ಊರೊಳಗಿನ 10ನೇ ವಾರ್ಡು.) ಮಧ್ಯಾಹ್ನ ಹೋಗ್ರಿ, ಹೊಟ್ಟಿತುಂಬ ಉಣ್ರಿ, ಬ್ಯಾಳಿ ತಗೊಂಡು ಬರ್ರಿ. ಮಲಗಾಕ ಬ್ಯಾಡ.

ಯಾಕ ಅಂದ್ರ ಅಲ್ಲಿ ಮಂದಿ ಹೊಡೀತಾರ ಅಂತಲ್ಲ. ಹೊಸಬರು ದೊಡ್ಡ ಪೆಟ್ಟಿಗಿ ಎಳ್ಕೊಂಡು, ಫೋನ್ ಕೈಯಾಗ ಹಿಡ್ಕೊಂಡು ದಾರಿ ಹುಡುಕ್ಕೋತ ಹೊರಗ ಬರೋ ಜಾಗ ಅದು, ಕಳ್ಳರಿಗೆ ಅದೇ ಬೇಕು. ಅಲ್ಲಿಂದ ಉತ್ತರಕ್ಕ ಬಾರ್ಬೆಸ್, ಶಾತೋ ರೂಜ್, ಪೂರ್ವಕ್ಕ ಸ್ಟಾಲಿನ್‌ಗ್ರಾಡ್, ಊರಿನ ಅಂಚಿಗೆ ಪೋರ್ತ್ ದ ಲಾ ಶಾಪೆಲ್, ಪೋರ್ತ್ ದ ಲಾ ವಿಲೆತ್. ಈ ಪಟ್ಟಿಯೊಳಗ ರಾತ್ರಿ ನಶೆದ ವ್ಯಾಪಾರ, ಕದ್ದ ಮಾಲಿನ ವ್ಯಾಪಾರ ಕಣ್ಣಿಗೆ ಕಾಣ್ತದ. ಹಗಲು ಸಂತಿ ಇದ್ದಂಗ ಇರ್ತದ, ಭಯ ಏನಿಲ್ಲ.

ಪರಿಚಯದವರು ಹೇಳಿದ ಕಳ್ಳರ ಮಾತು ಖರೇ, ಆದ್ರ ಅವರು ಇರೋದು ಹೆಚ್ಚಾಗಿ ಛಲೋ ಏರಿಯಾದಾಗೇ! 1ನೇ ಲೈನ್ ಮೆಟ್ರೊ, ಶಾತ್ಲೆ ನಿಲ್ದಾಣ, ವಿಮಾನ ನಿಲ್ದಾಣದ ಆರ್‌ಇಆರ್ ಬಿ ರೈಲು, ಐಫೆಲ್ ಗೋಪುರದ ಎದುರಿನ ತ್ರೊಕಾದೆರೊ, ಲೂವ್ರ್. ಹೆಚ್ಚಿನ ಸಲ ಬಾಗಿಲು ಮುಚ್ಚೋ ಗಂಟಿ ಹೊಡಿಯೋ ಹೊತ್ತಿಗೇ ಕೈ ಹಾಕ್ತಾರ. ಬಾಗಿಲ ಬಾಜೂಕ ಕುಂತವರ ಕೈಯಾಗಿನ ಫೋನ್ ಕಿತ್ಕೊಂಡು ಜಿಗೀತಾರ, ಬಾಗಿಲು ಮುಚ್ತದ, ರೈಲು ನಿಮ್ಮನ್ನ ಹೊತ್ಕೊಂಡು ಹೋಗ್ತದ. ಅದಕ್ಕ ಬಾಗಿಲು ಬಿಟ್ಟು ಡಬ್ಬಿ ನಡುವ ನಿಂದ್ರಿ. ಟಿಕೆಟ್ ಗೇಟಿನ್ಯಾಗ ಬೆನ್ನಿಗೆ ಅಂಟ್ಕೊಂಡು ಒಳಗ ಬರೋವ್ರಿದ್ರ ಬ್ಯಾಗ್ ಮುಂದ ಮಾಡ್ಕೊಳ್ರಿ. ಬಂದೇ ನವಾಜ್ ಉರುಸಿನ ಗದ್ದಲದಾಗ ಕಿಸೆ ಮ್ಯಾಲ ಕೈ ಇಟ್ಕೊಂಡು ನಡೀತೀವಲ್ಲ, ಅಷ್ಟು ಎಚ್ಚರ ಸಾಕು.

ಮೊಂಮಾರ್ತ್ರ್ ಗುಡ್ಡದ ಮೆಟ್ಟಿಲ ಹತ್ರ ಕೈಗೆ ದಾರ ಕಟ್ಟಾಕ ಬರ್ತಾರ. ನಮ್ಮ ಹಿರೇರು ದೇವರ ದಾರ ಅಂತ ತಿಳ್ಕೊಂಡು ಕೈ ಚಾಚ್ತಾರ, ಅತ್ತಿಯವರಿಗೆ ಮೊದಲೇ ಹೇಳಿಡ್ರಿ. ಕಟ್ಟಿದ ಮ್ಯಾಲ ರೊಕ್ಕ ಕೊಡೋತನಕ ಬಿಡಂಗಿಲ್ಲ. ಕಿವುಡ-ಮೂಕರ ಹೆಸರಿನ ಸಹಿ ಕಾಗದ, ದಾರ್ಯಾಗ ಸಿಕ್ಕ ಬಂಗಾರದ ಉಂಗುರ, ಮೂರು ಬಟ್ಟಲದ ಜೂಜು, ಎಲ್ಲಾ ಅದೇ ಜಾತಿ. ಆಟ ನೋಡಾಕೂ ನಿಂದ್ರಬ್ಯಾಡ್ರಿ, ಗೆಲ್ಲಾವ್ರೆಲ್ಲ ಅವರ ಕಡಿಯವರೇ.

ಸುರಪುರದವ:

ಮೇಲಿನ ಎರಡೂ ಉತ್ತರ ಸರಿ, ಆದರೆ ಬಾರ್ಬೆಸ್, ಮೊಂಮಾರ್ತ್ರ್ ಗುಡ್ಡ ಇರುವ 18ನೇ ವಾರ್ಡನ್ನು ಪೂರ್ತಿ ಕೈಬಿಡಬೇಕಿಲ್ಲ. ಗುಡ್ಡದ ಪಶ್ಚಿಮ ಮತ್ತು ಉತ್ತರದ ಆಬೆಸ್, ಲಾಮಾರ್ಕ್-ಕೊಲಾಂಕೂರ್ ಸುತ್ತಲಿನ ಬೀದಿಗಳು ಒಳ್ಳೆಯವು. ನಿಮಗೆ ಬೇಡ ಅನ್ನುವುದಕ್ಕೆ ಕಾರಣ ಬೇರೆ: ಪೂರಾ ಏರಿಳಿತ, ಎಲ್ಲಿ ನೋಡಿದರೂ ಮೆಟ್ಟಿಲು. ಆಬೆಸ್ ನಿಲ್ದಾಣ ನೆಲದಿಂದ 36 ಮೀಟರ್ ಆಳದಲ್ಲಿದೆ. ಅಲ್ಲಿ ಲಿಫ್ಟ್ ಇದೆ, ಅದು ಕೆಟ್ಟ ದಿನ ಮೊಣಕಾಲು ನೋವಿನವರ ಕಥೆ ಮುಗಿಯಿತು.

ಮೊಣಕಾಲಿನ ವಿಷಯ ಯಾರೂ ಹೇಳಲಿಲ್ಲ. ಪ್ಯಾರಿಸ್ ಮೆಟ್ರೊದಲ್ಲಿ ಎಲ್ಲಾ ನಿಲ್ದಾಣಗಳಲ್ಲೂ ಲಿಫ್ಟ್ ಇರುವುದು 14ನೇ ಲೈನಿನಲ್ಲಿ ಮಾತ್ರ. ಹಳೆಯ ಲೈನುಗಳಲ್ಲಿ ಒಂದು ಬದಲಾವಣೆ ಅಂದರೆ ನಾಲ್ಕೈದು ಕಡೆ ಮೆಟ್ಟಿಲು. ನಿಮಗೆ ಒಳ್ಳೆಯ ಬಸ್ ಮಾರ್ಗ ಬಾಗಿಲಲ್ಲೇ ಇರುವ ಹೋಟೆಲ್ ಬೇಕು. ಅದಕ್ಕೆ 14ನೇ ವಾರ್ಡಿನ ದಾಂಫೇರ್-ರೋಶ್ರೋ ಚೌಕದ ಸುತ್ತ ಹುಡುಕಿ. ವಿಮಾನ ನಿಲ್ದಾಣದಿಂದ ಆರ್‌ಇಆರ್ ಬಿ ನೇರ ಬರುತ್ತದೆ, 6ನೇ ಲೈನಿನಲ್ಲಿ ಬದಲಾಯಿಸದೆ ಐಫೆಲ್ ಗೋಪುರದ ಬೀರ್-ಆಕೇಮ್‌ಗೆ ಹೋಗಬಹುದು, 38ನೇ ನಂಬರ್ ಬಸ್ ಲುಕ್ಸಾಂಬೂರ್ ಉದ್ಯಾನ ದಾಟಿ ನೋತ್ರ್ ದಾಮ್ ಕಡೆ ಒಯ್ಯುತ್ತದೆ. ಪಕ್ಕದ ದಾಗೇರ್ ಬೀದಿಯಲ್ಲಿ ಹಣ್ಣು, ತರಕಾರಿ, ಬ್ರೆಡ್ ಸಿಗುತ್ತವೆ. 15ಕ್ಕಿಂತ ರೇಟು ಸಾಮಾನ್ಯವಾಗಿ ತುಸು ಕಡಿಮೆ. 13ನೇ ವಾರ್ಡಿನ ಪ್ಲಾಸ್ ದಿತಾಲಿ ಇನ್ನೂ ಅಗ್ಗ, ಅದೂ ನಂಬಬಹುದಾದ ಜಾಗ.

ಹೋಟೆಲ್ ವಿವರದಲ್ಲಿ 'ಆಸಾಂಸರ್' (ascenseur) ಅಂತ ಇದೆಯಾ ನೋಡಿ, ಅಂದರೆ ಲಿಫ್ಟ್. ಇದ್ದರೂ ಕೆಲವೆಡೆ ಒಬ್ಬರು, ಒಂದು ಪೆಟ್ಟಿಗೆ ಹಿಡಿಸುವಷ್ಟೇ. ಲಿಫ್ಟಿಗೆ ಮುಂಚೆ ಮೆಟ್ಟಿಲಿದೆಯಾ ಅಂತಲೂ ಮೇಲ್ ಮಾಡಿ ಕೇಳಿ. ಕೌಂಟರಿನಲ್ಲಿ 24 ತಾಸು ಜನ ಇರುತ್ತಾರಾ, ರೂಮಿನಲ್ಲಿ ಲಾಕರ್ ಇದೆಯಾ, ಎರಡು ಖೋಲಿ ಒಂದೇ ಮಹಡಿಯಲ್ಲಿ ಸಿಗುತ್ತವಾ ಅನ್ನುವುದನ್ನೂ ಅದೇ ಮೇಲ್‌ನಲ್ಲಿ ಬರೆಯಿಸಿಕೊಳ್ಳಿ.

ಅಡುಗೆಮನೆ ಬೇಕೆಂದು ಬಾಡಿಗೆ ಮನೆ ಹಿಡಿಯುವವರಿಗೆ ಒಂದು ಮಾತು. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇರಲೇಬೇಕು. ಅದು 13 ಅಕ್ಷರದ್ದಾಗಿದ್ದರೆ ಮೊದಲ ಐದು ಅಂಕಿಗಳೇ ವಾರ್ಡ್ ಹೇಳುತ್ತವೆ: 75114 ಅಂದರೆ 14ನೇದು (ಪಿನ್‌ಕೋಡ್ 75014 ಬೇರೆ). ವಿಳಾಸ 14 ಅಂತ ಹೇಳಿ ಸಂಖ್ಯೆ 75118 ಇದ್ದರೆ ಮುಂದುವರಿಯಬೇಡಿ. ಹಣ ಬುಕಿಂಗ್ ಜಾಲತಾಣದ ಹೊರಗೆ ಬ್ಯಾಂಕಿಗೆ ಹಾಕಿ ಅಂದರೂ ಅಷ್ಟೇ. ನಿಮ್ಮಂಥ ಕುಟುಂಬಕ್ಕೆ ಮನೆಗಿಂತ ಒಲೆ ಇರುವ ಅಪಾರ್ಟ್‌ಹೋಟೆಲ್ ವಾಸಿ, ರಾತ್ರಿ ತೊಂದರೆಯಾದರೆ ಕೆಳಗೆ ಕೇಳಲು ಮನುಷ್ಯರಿರುತ್ತಾರೆ. ಒಗ್ಗರಣೆ ಹಾಕುವಾಗ ಕಿಟಕಿ ತೆಗೆದಿಡಿ, ಹೊಗೆ ಅಲಾರಾಂ ನಮ್ಮ ಸಾಸಿವೆಗೆ ಹೊಂದಿಕೊಂಡಿಲ್ಲ.

ತೊಗರಿಕಣಜ, ಕಲಬುರಗಿ:

ಎಲ್ಲಾರಿಗೂ ಶರಣು. ದಾಂಫೇರ್-ರೋಶ್ರೋದಿಂದ 300 ಮೀಟರಿಗೆ ಅಪಾರ್ಟ್‌ಹೋಟೆಲ್ ಒಂದು ಸಿಕ್ಕದ, 75014, ಲಿಫ್ಟ್ ಅದ, ನಾಲ್ಕು ಮಂದಿಗೆ 205 ಯೂರೋ. ಸ್ಟ್ರೀಟ್ ವ್ಯೂನ್ಯಾಗ ಬೇಕರಿ, ಔಷಧಿ ಅಂಗಡಿ ಎರಡೂ ಕಂಡವು. ಭಾನುವಾರ ರಾತ್ರಿ 9ಕ್ಕ ಇಳೀತೀವಿ, ಮುಂದಿನ ಶನಿವಾರ ವಾಪಸ್. ಅಷ್ಟು ಹೊತ್ತಿನ್ಯಾಗ ರೈಲು ಹಿಡೀಬೇಕಾ, ಟ್ಯಾಕ್ಸಿನಾ? ಪಾಸ್‌ಪೋರ್ಟ್ ಕಳದ್ರ ಏನು ಮಾಡಬೇಕು?

ಭೀಮಾತೀರ:

ಟ್ಯಾಕ್ಸಿ. ಶಾರ್ಲ್ ದ ಗಾಲ್ ವಿಮಾನ ನಿಲ್ದಾಣದಿಂದ ಊರಿಗೆ ಸರಕಾರವೇ ನಿಗದಿ ಮಾಡಿದ ದರ ಇದೆ. 2025ರಲ್ಲಿ ಸೇನ್ ನದಿಯ ಬಲದಂಡೆಗೆ 56, ಎಡದಂಡೆಗೆ 65 ಯೂರೋ. ನಿಮ್ಮ 14ನೇ ವಾರ್ಡ್ ಎಡದಂಡೆ. ನಾಲ್ಕು ಜನಕ್ಕೂ ಸಾಮಾನಿಗೂ ಸೇರಿ ಅಷ್ಟೇ. ಅದೇ ವರ್ಷ ರೈಲು ಟಿಕೆಟ್ ತಲೆಗೆ 13, ನಾಲ್ವರಿಗೆ 52. ಹದಿಮೂರು ಯೂರೋ ಉಳಿಸೋಕೆ ಅತ್ತೆಯವರನ್ನ ರಾತ್ರಿ ಆರ್‌ಇಆರ್‌ನಲ್ಲಿ ನಿಲ್ಲಿಸಬೇಡಿ. ಕಾಮಗಾರಿ ಇದ್ರೆ ಆ ಲೈನ್ ತಡರಾತ್ರಿ ಅರ್ಧದಲ್ಲೇ ನಿಲ್ಲೋದೂ ಉಂಟು. ಟರ್ಮಿನಲ್ ಒಳಗೆ 'ಟ್ಯಾಕ್ಸಿ, ಟ್ಯಾಕ್ಸಿ' ಅಂತ ಹತ್ತಿರ ಬರೋರು ಯಾರೂ ಅಧಿಕೃತರಲ್ಲ. ಹೊರಗೆ ಫಲಕ ಇರೋ ಸಾಲಿನಲ್ಲಿ ನಿಂತು, ಮೇಲೆ 'ಟ್ಯಾಕ್ಸಿ ಪಾರಿಸಿಯಾಂ' ದೀಪ ಇರೋ ಕಾರೇ ಹತ್ತಿ. ಹತ್ತೋ ಮುಂಚೆ ವಿಳಾಸ ತೋರಿಸಿ ದರ ಖಚಿತ ಮಾಡಿಕೊಳ್ಳಿ.

ಮೆಟ್ರೊ, ಬಸ್, ರೈಲಿಗೆ ನಡೆಯೋ ವಾರದ ನವಿಗೊ ಪಾಸ್ ಸೋಮವಾರದಿಂದ ಭಾನುವಾರಕ್ಕೆ ಮಾತ್ರ ನಡೀತದೆ, ನೀವು ಕೊಂಡ ದಿನದಿಂದ ಏಳು ದಿನ ಅಲ್ಲ. ನೀವು ಭಾನುವಾರ ಇಳೀತೀರಿ, ಹಾಗಾಗಿ ಸೋಮವಾರ ಬೆಳಿಗ್ಗೆ ಹಾಕಿಸಿ. ಶನಿವಾರ ವಾಪಸ್ ಹೋಗೋ ವಿಮಾನ ನಿಲ್ದಾಣದ ರೈಲೂ ಅದರಲ್ಲೇ ಬರ್ತದೆ, ಹಗಲಾದ್ರೆ ರೈಲಲ್ಲೇ ಹೋಗಬಹುದು. 2025ರಲ್ಲಿ ಪಾಸ್ 31.60, ಕಾರ್ಡಿಗೆ ಬೇರೆ 5 ಯೂರೋ. ಕಾರ್ಡಿಗೆ 2.5 × 3 ಸೆಂಟಿಮೀಟರ್ ಫೋಟೊ ಅಂಟಿಸಬೇಕು. ಕಲಬುರಗಿಯಲ್ಲೇ ಸ್ಟುಡಿಯೊದಲ್ಲಿ ತೆಗೆಸಿ ಒಯ್ಯಿರಿ. ಮಗಳಿಗೂ ಪೂರ್ತಿ ಪಾಸೇ ಬೇಕು. ಪಾಸ್ ಇದ್ರೆ ಅತ್ತೆಯವರು ಎರಡು ಸ್ಟಾಪಿಗೂ ಬಸ್ ಹತ್ತಬಹುದು, ಬಿಡಿ ಟಿಕೆಟ್ ತಗೊಂಡ್ರೆ ಬಸ್ಸಿಗೂ ಮೆಟ್ರೊಗೂ ಬೇರೆ ಬೇರೆ.

ಗುಂಬಜ್_ಬೀದರ್:

ಪಾಸ್‌ಪೋರ್ಟ್ ಖೋಲಿ ಲಾಕರಿನ್ಯಾಗ ಇಡ್ರಿ, ಜೆರಾಕ್ಸ್ ಬ್ಯಾಗಿನ್ಯಾಗ, ವೀಸಾ ಪುಟದ ಫೋಟೊ ಫೋನಿನ್ಯಾಗ ಮತ್ತ ಇ-ಮೇಲಿನ್ಯಾಗ. ಕಳದ್ರ ಮೊದಲು ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ದೂರಿನ ಪ್ರತಿ ತಗೊಳ್ರಿ, ಅದಿಲ್ದೆ ಮುಂದಿನ ಕೆಲಸ ಆಗಂಗಿಲ್ಲ. ಆಮ್ಯಾಲ ನಮ್ಮ ರಾಯಭಾರ ಕಚೇರಿ: 16ನೇ ವಾರ್ಡು, ಆಲ್ಫ್ರೆಡ್ ದೊದಾಂಕ್ ಬೀದಿ, 9ನೇ ಲೈನಿನ ಲಾ ಮ್ಯುಯೆತ್ ನಿಲ್ದಾಣ. ವಾಪಸ್ ಬರಾಕ ತುರ್ತು ಪ್ರಮಾಣಪತ್ರ ಅವರೇ ಕೊಡ್ತಾರ. ಪೊಲೀಸರಿಗೆ 17, ಆಂಬುಲೆನ್ಸಿಗೆ 15, ಯಾವುದೂ ನೆನಪಾಗಲಿಲ್ಲಂದ್ರ 112.

ವೀಸಾಕ್ಕ ಅಂತ ಮಾಡಿಸೋ 30,000 ಯೂರೋದ ವಿಮೆ ಆಸ್ಪತ್ರೆ ಖರ್ಚಿಗೆ, ಕಳುವಿಗಲ್ಲ. ಸಾಮಾನು, ಪಾಸ್‌ಪೋರ್ಟ್ ಕಳುವು ಅದರೊಳಗ ಅದನೋ ಇಲ್ಲೋ ಪಾಲಿಸಿ ಕಾಗದ ಓದಿ ನೋಡ್ರಿ, ಇಲ್ಲಂದ್ರ ಕೂಡಿಸಿ ತಗೊಳ್ರಿ. ಬುಕಿಂಗ್ ಮಾಡೋವಾಗ ರದ್ದು ಮಾಡಿದ್ರ ರೊಕ್ಕ ವಾಪಸ್ ಬರೋ ದರನೇ ಆರಿಸ್ರಿ, ಮತ್ತ ಕಾಗದದ ಮ್ಯಾಲ ಅತ್ತಿಯವರ ಹೆಸರೂ ಇರ್ಲಿ. ಒಬ್ಬರದೇ ಹೆಸರಿದ್ರ ಉಳಿದವರ ಫೈಲಿಗೆ ವಸತಿ ಪುರಾವೆ ಯಾವುದು ಅಂತ ವೀಸಾ ಕೌಂಟರಿನ್ಯಾಗ ಕೇಳ್ತಾರ.